ನೀರು ಕೆಟ್ಟಿತ್ತು, ಅದಕ್ಕೇ ಬಿಯರ್ ಕುಡಿದರು ಎನ್ನುವವರಿಗೆ

ಪ್ರಶ್ನೆ: ಮಧ್ಯಯುಗದ ಯೂರೋಪಿನಲ್ಲಿ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ, ಹಾಗಾಗಿ ಮಕ್ಕಳಾದಿಯಾಗಿ ಎಲ್ಲರೂ ಬಿಯರನ್ನೇ ಕುಡಿಯುತ್ತಿದ್ದರು ಎಂದು ಓದಿದ್ದೇನೆ. ಬಿಯರ್ ತಯಾರಕರ ಗಿಲ್ಡ್‌ಗಳು, ಅಂದರೆ ವೃತ್ತಿಸಂಘಗಳು, ಅಷ್ಟು ಪ್ರಬಲವಾಗಲು ಇದೇ ಕಾರಣವೇ?

ಅಲ್ಲ. ನೀರಿಗೆ ಹೆದರಿ ಜನ ಬಿಯರ್ ಕುಡಿಯಲಿಲ್ಲ. ಗಿಲ್ಡ್‌ಗಳ ಬಲ ನೀರಿನ ಕೊಳಕಿನಿಂದ ಹುಟ್ಟಲೂ ಇಲ್ಲ.

ಈ ಪ್ರಶ್ನೆಯನ್ನು ತರಗತಿಯಲ್ಲಿ ಎದುರಿಸಿದ್ದೇನೆ, ಪತ್ರಗಳಲ್ಲಿ ಎದುರಿಸಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲೂ ಎದುರಿಸಿದ್ದೇನೆ. ಕೇಳುವವರು ಉತ್ತರವನ್ನು ತಾವೇ ಹೊತ್ತು ತಂದಿರುತ್ತಾರೆ; ನಾನು ಹೌದೆಂದು ತಲೆಯಾಡಿಸಿದರೆ ಸಾಕು. ಆಡಿಸಲಾರೆ. ಹಿಂದಿನವರಿಗೆ ಒಳ್ಳೆಯ ನೀರು ಯಾವುದು, ಕೆಟ್ಟದ್ದು ಯಾವುದು ಎಂಬ ತಿಳಿವಳಿಕೆಯೇ ಇರಲಿಲ್ಲ ಎಂಬ ತಾತ್ಸಾರ ಈ ಕಥೆಯ ಬೆನ್ನಿಗೇ ಅಂಟಿಕೊಂಡಿದೆ. ನನ್ನ ತಕರಾರು ಮುಖ್ಯವಾಗಿ ಅದರ ಬಗ್ಗೆ. ಆದ್ದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ, ಉದಾಹರಣೆಗೆ ಲಂಡನ್ ನಗರವನ್ನು ಹಿಡಿಯುತ್ತೇನೆ. ಅಲ್ಲಿನ ಬಿಯರ್ ಗಿಲ್ಡಿನ ಲೆಕ್ಕಪತ್ರಗಳು ಉಳಿದುಬಂದಿವೆ, ಊರಿನ ನೀರಿನ ಜಗಳಗಳೂ ಬರಹದಲ್ಲಿ ಸಿಗುತ್ತವೆ.

ಮೊದಲು ದುಡ್ಡಿನ ಲೆಕ್ಕ. ಇಂಗ್ಲೆಂಡಿನಲ್ಲಿ 13ನೆಯ ಶತಮಾನದಲ್ಲೇ ರೊಟ್ಟಿ ಮತ್ತು ಏಲ್‌ನ ಬೆಲೆಗೆ ರಾಜಾಜ್ಞೆಯ ಕಟ್ಟಳೆ ಇತ್ತು. ಏಲ್ ಎಂದರೆ ಆಗ ಹಾಪ್ಸ್ ಎಂಬ ಕಹಿ ಹೂ ಹಾಕದ ಹಳೆಯ ಬಗೆಯ ಬಿಯರ್. ಬಾರ್ಲಿ ಅಗ್ಗವಾಗಿರುವ ವರ್ಷ ಪಟ್ಟಣದಲ್ಲಿ ಒಂದು ಪೆನ್ನಿಗೆ ಎರಡು ಗ್ಯಾಲನ್ ಏಲ್ ಕೊಡಬೇಕು ಎಂಬುದು ಆ ಕಟ್ಟಳೆಯ ದರ. ಎರಡು ಗ್ಯಾಲನ್ ಎಂದರೆ ಸುಮಾರು ಒಂಬತ್ತು ಲೀಟರ್. ಆ ಶತಮಾನದ ಕೊನೆಯಲ್ಲಿ ಕಟ್ಟಡ ಕೆಲಸದ ಸಾಮಾನ್ಯ ಕೂಲಿಯವನ ದಿನಗೂಲಿ ಒಂದೂವರೆ ಪೆನ್ನಿಯ ಆಸುಪಾಸು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ಬಾಯಾರಿಕೆಗೆ ಬರೀ ಏಲನ್ನೇ, ದಿನಕ್ಕೆ ಎರಡು ಗ್ಯಾಲನ್‌ನಷ್ಟು, ಕುಡಿದರೆ ಕೂಲಿಯ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತದೆ. ಉಳಿದ ಅರ್ಧ ಪೆನ್ನಿಯಲ್ಲಿ ರೊಟ್ಟಿ, ಸೌದೆ, ಬಟ್ಟೆ, ಬಾಡಿಗೆ ಎಲ್ಲವೂ ಆಗಬೇಕು. ಒಮ್ಮೆ ಬಸಿದ ಮಾಲ್ಟಿಗೆ (ಮೊಳಕೆ ಬರಿಸಿ ಒಣಗಿಸಿದ ಧಾನ್ಯಕ್ಕೆ) ಮತ್ತೆ ಬಿಸಿನೀರು ಹೊಯ್ದು ತೆಗೆದ ತೆಳು ಬಿಯರ್ ಇತ್ತಲ್ಲ ಎನ್ನುತ್ತೀರಿ. ಇತ್ತು, ಅಗ್ಗವೂ ಆಗಿತ್ತು. ಆದರೆ ಅದಕ್ಕೂ ಸೌದೆ ಬೇಕು, ಮೊದಲ ಸುತ್ತಿನ ಮಾಲ್ಟು ಬೇಕು. ಬಾವಿಯ ನೀರಿಗೆ ಇದೊಂದೂ ಬೇಡ.

ಹಾಗಾದರೆ ನೀರು ಎಲ್ಲಿಂದ? 1237ರಲ್ಲಿ ಗಿಲ್ಬರ್ಟ್ ಡಿ ಸ್ಯಾನ್‌ಫರ್ಡ್ ಎಂಬಾತ ಟೈಬರ್ನ್ ಹತ್ತಿರದ ತನ್ನ ಜಮೀನಿನಲ್ಲಿದ್ದ ಬುಗ್ಗೆಗಳ ನೀರನ್ನು ಲಂಡನ್ ನಗರಕ್ಕೆ ಬಿಟ್ಟುಕೊಟ್ಟ. 1245ರಲ್ಲಿ ಕೆಲಸ ಆರಂಭವಾಯಿತು. ನೆಲದಡಿ ಸೀಸದ ಕೊಳವೆಗಳನ್ನು ಹೂತು, ಇಳಿಜಾರನ್ನೇ ನೆಚ್ಚಿಕೊಂಡು, ಊರಾಚೆಯಿಂದ ಚೀಪ್‌ಸೈಡ್ ಪೇಟೆಬೀದಿಯವರೆಗೆ ನೀರು ಹರಿಸಿದರು. ಅಲ್ಲಿ ಕಟ್ಟಿದ ದೊಡ್ಡ ತೊಟ್ಟಿಗೆ ಗ್ರೇಟ್ ಕಾಂಡ್ಯೂಟ್ ಎಂದು ಹೆಸರು. ಕೆಟ್ಟ ನೀರು, ಒಳ್ಳೆಯ ನೀರು ಎಂಬ ವಿವೇಚನೆಯೇ ಇಲ್ಲದ ಊರು ಮನೆಮುಂದಿನ ಥೇಮ್ಸ್ ನದಿಯನ್ನು ಬಿಟ್ಟು ದೂರದ ಬುಗ್ಗೆಗೆ ಕೊಳವೆ ಹಾಕುತ್ತಿತ್ತೇ? ಅಲ್ಲಿಗೂ ಮೊದಲೇ, 12ನೆಯ ಶತಮಾನದಲ್ಲಿ, ಕ್ಯಾಂಟರ್ಬರಿಯ ಮಠದವರು ಬುಗ್ಗೆಯ ನೀರನ್ನು ತಮ್ಮ ಆವರಣಕ್ಕೆ ತಂದಿದ್ದರು. ಕೊಳವೆ, ತೊಟ್ಟಿಗಳನ್ನೆಲ್ಲ ಗುರುತಿಸಿ ಬಿಡಿಸಿದ ಅವರ ನಕ್ಷೆ ಇವತ್ತಿಗೂ ಇದೆ.

ಈಗ ನಾನು ಪ್ರತಿ ವರ್ಷ ವಿದ್ಯಾರ್ಥಿಗಳ ಮುಂದೆ ಇಡುವ ದಾಖಲೆಗೆ ಬರುತ್ತೇನೆ. 1345ರಲ್ಲಿ ಲಂಡನ್ನಿನ ಮೇಯರ್ ಮುಂದೆ ಒಂದು ದೂರು ಬಂತು. ಚೀಪ್‌ಸೈಡ್ ತೊಟ್ಟಿಯನ್ನು ಕಟ್ಟಿಸಿದ ಉದ್ದೇಶವನ್ನು ಆ ದೂರೇ ಹೇಳುತ್ತದೆ: ಉಳ್ಳವರಿಗೂ ಮಧ್ಯಮದವರಿಗೂ ಅಡುಗೆಗೆ ನೀರು ಸಿಗಲಿ, ಬಡವರಿಗೆ ಕುಡಿಯಲು ಸಿಗಲಿ ಎಂದು. ಈಗ ಆ ನೀರನ್ನು ಬಿಯರ್ ತಯಾರಿಸುವವರೂ ಮಾಲ್ಟು ಮಾಡುವವರೂ ಬಳಿದುಕೊಂಡು ಹೋಗುತ್ತಿದ್ದಾರೆ, ಜನರಿಗೆ ಸಾಲುತ್ತಿಲ್ಲ ಎಂಬುದು ಅಳಲು. ಬೇಸಿಗೆಯಲ್ಲಿ ಬೀದಿ ನಲ್ಲಿಯ ಮುಂದೆ ಹೋಟೆಲಿನವರು ಡ್ರಮ್ಮು ತಂದಿಟ್ಟರೆ ಕೊಡ ಹಿಡಿದು ನಿಂತವರು ಏನನ್ನುತ್ತಾರೋ ಅದೇ ಜಗಳ. ಆ ನೀರನ್ನು ಬಿಯರಿಗೆ ಬಳಸಕೂಡದು ಎಂದು ನಗರಾಡಳಿತ ಆಜ್ಞೆ ಮಾಡಿತು.

ಈ ಪ್ರಕರಣವನ್ನು ನಿಧಾನವಾಗಿ ಓದಿ. ಬಡವರು ಕುಡಿಯುವುದು ನೀರು ಎಂದು ನಗರಾಡಳಿತವೇ ಬರೆದಿಟ್ಟಿದೆ. ಅವರ ಆ ನೀರನ್ನು ಕಸಿಯುತ್ತಿದ್ದಾರೆ ಎಂಬ ಆರೋಪ ಹೊತ್ತವರು ಬಿಯರ್ ತಯಾರಕರು. ನೀರಿನಿಂದ ಜನರನ್ನು ಕಾಪಾಡಿದವರು ಇವರು ಎಂಬ ಕಥೆಯನ್ನು ಇದರ ಎದುರು ಹೇಗೆ ನಿಲ್ಲಿಸುತ್ತೀರಿ? ಇನ್ನೂ ಒಂದು ಸಾಕ್ಷ್ಯ ಬೇಕಿದ್ದರೆ, ತೊಟ್ಟಿಯಿಂದ ಮನೆಮನೆಗೆ ನೀರು ಹೊತ್ತು ಮಾರುವವರು ಸಂತ ಕ್ರಿಸ್ಟಫರನ ಹೆಸರಿನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು 1496ರಲ್ಲಿ ನಿಯಮಾವಳಿ ಬರೆಸಿದರು. ನೀರು ಮಾರುವುದಕ್ಕೇ ಒಂದು ಸಂಘವಿದ್ದ ಊರು ಅದು!

ಆದರೂ ಕುದಿಸಿದ ಬಿಯರ್ ಸುರಕ್ಷಿತವಲ್ಲವೇ ಎಂಬ ಮರುಪ್ರಶ್ನೆ ತಪ್ಪುವುದಿಲ್ಲ. ಇರಬಹುದು; ಆದರೆ ನಿಮ್ಮ ಪ್ರಶ್ನೆ ಜನ ಯಾಕೆ ಕುಡಿದರು ಎಂಬುದು. ಕಣ್ಣಿಗೆ ಕಾಣದ ಜೀವಿಗಳಿಂದ ರೋಗ ಬರುತ್ತದೆ, ಕುದಿಸಿದರೆ ಅವು ಸಾಯುತ್ತವೆ ಎಂಬ ವಿಚಾರ ನೆಲೆಯೂರಿದ್ದು 19ನೆಯ ಶತಮಾನದಲ್ಲಿ, ಪಾಶ್ಚರ್ ಕಾಲಕ್ಕೆ. ಅದನ್ನು ಐನೂರು ವರ್ಷ ಹಿಂದಕ್ಕೆ ಒಯ್ದು ಚೀಪ್‌ಸೈಡಿನ ಗೃಹಿಣಿಯ ತಲೆಗೆ ತುಂಬುವುದು ಇತಿಹಾಸವಲ್ಲ. ಜನ ಏಲನ್ನು ಇಷ್ಟಪಟ್ಟು ಕುಡಿದರು. ಅದು ಹೊಟ್ಟೆ ತುಂಬಿಸುತ್ತಿತ್ತು, ರುಚಿಯಾಗಿತ್ತು, ಅಮಲೇರಿಸುತ್ತಿತ್ತು, ಅತಿಥಿಯ ಮುಂದಿಡಲು ಮರ್ಯಾದೆಯದಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಮಠದ ಸನ್ಯಾಸಿಗೆ ದಿನಕ್ಕೊಂದು ಗ್ಯಾಲನ್ ಏಲ್ ಪಡಿ ಸಿಗುತ್ತಿತ್ತು, ಏಕೆಂದರೆ ಮಠ ಶ್ರೀಮಂತವಾಗಿತ್ತು. ಸುಮಾರು ಕ್ರಿ.ಶ. 1000ದಲ್ಲಿ ಏಲ್ಫ್ರಿಕ್ ಎಂಬ ಸನ್ಯಾಸಿ ಲ್ಯಾಟಿನ್ ಪಾಠಕ್ಕೆಂದು ಬರೆದ ಸಂಭಾಷಣೆಯಲ್ಲಿ, ಏನು ಕುಡಿಯುತ್ತೀಯೆ ಎಂದು ಕೇಳಿದಾಗ ಹುಡುಗ, ಇದ್ದರೆ ಏಲ್, ಇಲ್ಲದಿದ್ದರೆ ನೀರು ಎನ್ನುತ್ತಾನೆ. ಆ ಮಾತಿನಲ್ಲಿ ನೀರಿನ ಭಯ ಎಲ್ಲಿದೆ?

ಕಥೆ ಬೆಳೆದದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಬಿಯರ್ ತಯಾರಕರ ಪೋಷಕ ಸಂತನೆನಿಸಿದ ಸ್ವಾಸೋನ್‌ನ ಆರ್ನಾಲ್ಡ್, ರೋಗ ಹಬ್ಬಿದಾಗ ನೀರು ಬಿಟ್ಟು ಬಿಯರ್ ಕುಡಿಯಿರಿ ಎಂದನೆಂಬ ಐತಿಹ್ಯವಿದೆ; ಅದು ಸಂತರ ಪವಾಡಗಳ ಸಾಲಿಗೆ ಸೇರಿದ್ದು. ಇನ್ನೊಂದು ನಿಜ ಘಟನೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ, ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ ಎಂದು ಡಾಕ್ಟರ್ ಜಾನ್ ಸ್ನೋ ದಾಖಲಿಸಿದ. ಅವರಿಗೆ ದಿನವೂ ಬಿಯರ್ ಸಿಗುತ್ತಿತ್ತು, ಬೀದಿಯ ಪಂಪಿನ ನೀರಿನ ಹಂಗಿರಲಿಲ್ಲ. ಕಾರ್ಖಾನೆಯೊಳಗೆ ಬೇರೆ ಬಾವಿಯೂ ಇತ್ತು. ಆದರೆ ಅದು ಚರಂಡಿ ಕಟ್ಟಿಕೊಂಡು ಉಸಿರುಗಟ್ಟಿದ್ದ 19ನೆಯ ಶತಮಾನದ ಮಹಾನಗರ. ಆ ಲಂಡನ್ನಿನ ನೀರನ್ನು ತಂದು 14ನೆಯ ಶತಮಾನದ ಲೋಟಕ್ಕೆ ಸುರಿಯಬೇಡಿ.

ಇನ್ನು ಗಿಲ್ಡಿನ ಬಲದ ಮಾತು. ಅಯ್ಯಾವೊಳೆ ಐನೂರ್ವರ ಬಗ್ಗೆ ಓದಿದವರಿಗೆ ವೃತ್ತಿಸಂಘದ ಶಕ್ತಿಯನ್ನು ವಿವರಿಸಬೇಕಾಗಿಲ್ಲ. ಐನೂರ್ವರು ದೇಶದೇಶ ಸುತ್ತುವ ವರ್ತಕರು, ಇವರು ಒಂದೇ ಊರಿನ ಒಂದೇ ಕಸುಬಿನವರು, ಅಷ್ಟೇ ವ್ಯತ್ಯಾಸ. ಬಿಯರಿಗೆ ಧಾನ್ಯ ಬೇಕು, ಅದೂ ರಾಶಿರಾಶಿಯಾಗಿ. ರೊಟ್ಟಿಗೆ ಬೇಕಾದ ಧಾನ್ಯದ ಪೇಟೆಯಲ್ಲೇ ಇವರೂ ಖರೀದಿಗೆ ನಿಲ್ಲುವವರು. ಹಾಗಾಗಿ ಬೆಲೆ, ಅಳತೆ, ಗುಣಮಟ್ಟದ ಮೇಲೆ ಸರ್ಕಾರದ ಕಣ್ಣು ಸದಾ ಇತ್ತು. ಸಾವಿರಾರು ಅಡುಗೆಮನೆಗಳ ಹಂಡೆಗಳನ್ನು ಹೊರಗಿನವರು ತಪಾಸಣೆ ಮಾಡುವುದು ಸಾಧ್ಯವಿಲ್ಲ. ಕಸುಬಿನವರ ಸಂಘಕ್ಕೇ ಆ ಅಧಿಕಾರ ಕೊಟ್ಟರೆ ಆಡಳಿತಕ್ಕೂ ಅನುಕೂಲ, ಸಂಘಕ್ಕೂ ಲಾಭ. ಲಂಡನ್ನಿನ ಸಂಘಕ್ಕೆ 1438ರಲ್ಲಿ ಆರನೆಯ ಹೆನ್ರಿಯ ಸನದು ಸಿಕ್ಕಿತು.

ಆದರೆ ಸನದಿಗೂ ಹಿಂದಿನ ಆ ಸಂಘ ನಮಗೆ ಕಣ್ಣಿಗೆ ಕಟ್ಟಿದಂತೆ ಕಾಣುವುದು ಅದರ ಗುಮಾಸ್ತ ವಿಲಿಯಂ ಪೋರ್‌ಲಂಡ್ ಬರೆದಿಟ್ಟ ಪುಸ್ತಕದಿಂದ. ಚಂದಾ ಕೊಟ್ಟವರ ಪಟ್ಟಿ, ಔತಣದ ಖರ್ಚು, ಜುಲ್ಮಾನೆ, ವ್ಯಾಜ್ಯ ಎಲ್ಲವೂ ಅದರಲ್ಲಿವೆ. ಐದನೆಯ ಹೆನ್ರಿ ತನ್ನ ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಸತೊಡಗಿದ್ದಾನೆ, ನಮ್ಮ ಕಸುಬಿನ ಅನೇಕರಿಗೆ ಇಂಗ್ಲಿಷ್ ಓದಲು ಬರುತ್ತದೆ, ಲ್ಯಾಟಿನ್ ಮತ್ತು ಫ್ರೆಂಚ್ ಬರುವುದಿಲ್ಲ, ಆದ್ದರಿಂದ ನಾವೂ ನಮ್ಮ ಭಾಷೆಯಲ್ಲೇ ಬರೆಯೋಣ ಎಂದು 1420ರ ದಶಕದ ಆರಂಭದಲ್ಲಿ ಈ ಸಂಘ ತೀರ್ಮಾನಿಸಿತು. ಕಚೇರಿಯಲ್ಲಿ ಜನರ ಭಾಷೆ ಇರಲಿ ಎಂದು ಇಂದಿಗೂ ಹೋರಾಡುತ್ತಿರುವ ನಮಗೆ ಈ ಪುಟದ ಬೆಲೆ ಗೊತ್ತು.

ಅದೇ ಪುಸ್ತಕದಲ್ಲಿ ರಿಚರ್ಡ್ ವಿಟಿಂಗ್‌ಟನ್ ಬರುತ್ತಾನೆ. ಇಂಗ್ಲಿಷ್ ಜನಪದ ಕಥೆಯಲ್ಲಿ ಬೆಕ್ಕಿನ ಜೊತೆ ಬರುವ ಅದೇ ಲಂಡನ್ ಮೇಯರ್. ಏಲ್ ದುಬಾರಿಯಾಗಿ ಮಾರುತ್ತಾರೆಂದು ಅವನಿಗೆ ಈ ಸಂಘದ ಮೇಲೆ ಕಡುಕೋಪ. ಸಂಘದವರು ತಮ್ಮ ಔತಣದಲ್ಲಿ ಕೊಬ್ಬಿದ ಹಂಸಗಳನ್ನು ಬಡಿಸಿದ್ದು ಆ ಕೋಪಕ್ಕೆ ತುಪ್ಪ ಹೊಯ್ಯಿತು ಎಂದು ಪೋರ್‌ಲಂಡ್ ಬರೆಯುತ್ತಾನೆ. 1422ರಲ್ಲಿ, ಅಧಿಕಾರದಿಂದ ಇಳಿದ ಮೇಲೂ, ಅವನು ದೂರು ಹಾಕಿ ಸಂಘದ ಮುಖ್ಯಸ್ಥರಿಗೆ 20 ಪೌಂಡ್ ದಂಡ ಹಾಕಿಸಿದ. ದಂಡ ಕಟ್ಟುವವರೆಗೆ ಅವರು ನಗರ ಖಜಾಂಚಿಯ ವಶದಲ್ಲಿರಬೇಕು ಎಂದು ಆಜ್ಞೆಯಾಯಿತು. ಆಗಿನ ಮೇಯರ್ ಊಟಕ್ಕೆ ಎದ್ದು ಹೋದ ಮೇಲೆ ಖಜಾಂಚಿ ಅವರನ್ನು ಮನೆಗೆ ಕಳುಹಿಸಿದ. ಇದೆಲ್ಲ ವಿಟಿಂಗ್‌ಟನ್‌ನನ್ನು ಸಮಾಧಾನಪಡಿಸಲು ಮಾಡಿದ್ದು ಎಂದನಂತೆ. ಗಿಲ್ಡ್ ಪ್ರಬಲವಾಗಿತ್ತು, ನಿಜ. ಆದರೆ ಊರಿನ ದೊಡ್ಡ ವರ್ತಕರ ಮುಂದೆ ಅದು ಕೈಕಟ್ಟಿ ನಿಲ್ಲಬೇಕಿತ್ತು. ಲಂಡನ್ನಿನ ವೃತ್ತಿಸಂಘಗಳ ಶ್ರೇಣಿಯಲ್ಲಿ ಬಿಯರ್‌ನವರ ಸ್ಥಾನ ಇಂದಿಗೂ 14ನೆಯದು. ಮೊದಲ ಹನ್ನೆರಡರೊಳಗೆ ಅವರು ಇಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳದೆ ಮುಗಿಸಲಾರೆ. ಪೋರ್‌ಲಂಡ್‌ನ ಚಂದಾಪಟ್ಟಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೆಂಗಸರು. ಹಲವರು ಗಂಡನ ಜೊತೆ, ಕೆಲವರು ಸ್ವತಂತ್ರವಾಗಿ. ಪದಾಧಿಕಾರಿಗಳಲ್ಲಿ ಮಾತ್ರ ಒಬ್ಬಳೂ ಇಲ್ಲ. ಏಲ್ ಮಾಡುವುದು ಮೂಲತಃ ಮನೆವಾರ್ತೆಯ ಕೆಲಸ: ಹಂಡೆ ಇದ್ದವಳು ಮನೆಗೆ ಮಾಡಿಕೊಂಡು, ಮಿಕ್ಕಿದ್ದನ್ನು ಮಾರುತ್ತಿದ್ದಳು. ಕೆಲವೇ ದಿನಗಳಲ್ಲಿ ಹುಳಿ ಬರುವ ಏಲನ್ನು ಯಾರೂ ದಾಸ್ತಾನು ಮಾಡುವಂತಿರಲಿಲ್ಲ. ಆದ್ದರಿಂದ ಸಣ್ಣವರಿಗೂ ಜಾಗವಿತ್ತು. ಅಪಾಯವೂ ಅಷ್ಟೇ. ಲಿನ್ ಪಟ್ಟಣದ ಮಾರ್ಜರಿ ಕೆಂಪ್ ಮೂರು ನಾಲ್ಕು ವರ್ಷ ಊರಿನ ದೊಡ್ಡ ಏಲ್ ತಯಾರಕರಲ್ಲಿ ಒಬ್ಬಳಾಗಿದ್ದಳು. ಮೇಲೆ ಚೆನ್ನಾಗಿ ನಿಂತಿದ್ದ ನೊರೆ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು, ಹಂಡೆ ಹಂಡೆ ಏಲ್ ಕೆಟ್ಟುಹೋಗುತ್ತಿತ್ತು, ನಾಚಿಕೆಯಿಂದ ಆಳುಗಳು ಕೆಲಸ ಬಿಟ್ಟರು ಎಂದು ತನ್ನ ಜೀವನವೃತ್ತಾಂತದಲ್ಲಿ ಹೇಳಿಸಿದ್ದಾಳೆ. ವ್ಯಾಪಾರ ಮುಳುಗಿತು.

ಹಾಪ್ಸ್ ಬಂದ ಮೇಲೆ ಆಟ ಬದಲಾಯಿತು. ಆ ಕಹಿ ಹೂಗಳನ್ನು ಹಾಕಿ ಕುದಿಸಿದ ಬಿಯರ್ ತಿಂಗಳುಗಟ್ಟಲೆ ಕೆಡದು. ಪೀಪಾಯಿಯಲ್ಲಿ ತುಂಬಿ ಹಡಗಿಗೆ ಏರಿಸಬಹುದು, ಸೈನ್ಯಕ್ಕೆ ಒದಗಿಸಬಹುದು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1376ರ ಹೊತ್ತಿಗೆ 457 ಬಿಯರ್ ತಯಾರಿಕಾ ಮನೆಗಳಿದ್ದವು. ಬಹಳಷ್ಟು ಬಿಯರ್ ಆಮ್‌ಸ್ಟರ್‌ಡ್ಯಾಮ್ ಕಡೆಗೆ ಹೋಗುತ್ತಿತ್ತು. ಲಂಡನ್ನಿಗೆ ಈ ವಿದ್ಯೆ ತಂದವರು ಹಾಲೆಂಡ್, ಝೀಲೆಂಡ್ ಕಡೆಯ ವಲಸಿಗರು. ಸ್ಥಳೀಯರು ಅವರ ಬಿಯರನ್ನು ವಿಷವೆಂದು ಹೀಗಳೆದರು. ಅವರಿಗೆ ತೊಂದರೆ ಕೊಡಕೂಡದೆಂದು 1436ರಲ್ಲಿ ರಾಜಾಜ್ಞೆಯೇ ಹೊರಡಬೇಕಾಯಿತು. ಈ ಹೊಸ ಕಸುಬಿಗೆ ದೊಡ್ಡ ಹಂಡೆ, ಹೆಚ್ಚು ಸೌದೆ, ಪೀಪಾಯಿ, ಆಳು, ಎಲ್ಲಕ್ಕಿಂತ ಹೆಚ್ಚಾಗಿ ಸಾಲ ಬೇಕು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವುದಕ್ಕೆ ಇಂಗ್ಲೆಂಡಿನ ಕಾನೂನು ಸಾಮಾನ್ಯವಾಗಿ ಅಡ್ಡ ಬರುತ್ತಿತ್ತು. ಬಂಡವಾಳ ಬೆಳೆದಂತೆ ಕಸುಬು ಅವಳ ಕೈಯಿಂದ ಜಾರಿತು. ಅವರನ್ನು ಮಾಟಗಾತಿಯರೆಂದು ಓಡಿಸಿದರು, ಮಾಟಗಾತಿಯ ಚೂಪು ಟೋಪಿ ಏಲ್ ಮಾರುವವರದ್ದೇ ಎಂದೆಲ್ಲ ಹೇಳುವುದುಂಟು. ಅದಕ್ಕೆ ಆ ಕಾಲದ ಆಧಾರವಿಲ್ಲ. ಸಾಲ ಮತ್ತು ಕಾನೂನು ಮಾಡಿದ ಅನ್ಯಾಯವೇ ಸಾಕಷ್ಟಿದೆ, ಟೋಪಿಯ ಕಥೆಯಿಂದ ಅದನ್ನು ಮುಚ್ಚಬೇಡಿ.

ಫ್ರಾನ್ಸ್ 1791ರಲ್ಲಿ ಗಿಲ್ಡ್‌ಗಳನ್ನೇ ರದ್ದುಮಾಡಿತು. ಲಂಡನ್ನಿನಲ್ಲಿ ಯಾರೂ ರದ್ದುಮಾಡಲಿಲ್ಲ. ಸಂಘದ ಸಭಾಭವನ 1666ರ ಬೆಂಕಿಯಲ್ಲಿ ಸುಟ್ಟಿತು, 1940ರ ಬಾಂಬಿಗೆ ಮತ್ತೆ ಬಿತ್ತು, ಮತ್ತೆ ಎದ್ದಿತು. ಹಂಡೆಗಳ ತಪಾಸಣೆ ಈಗ ಅದರ ಕೆಲಸವಲ್ಲ. ಅದು ಒಂದು ಶಾಲೆಯ ದತ್ತಿಯನ್ನು ನೋಡಿಕೊಳ್ಳುತ್ತದೆ. ಈ ಸಂಘದ ಸದಸ್ಯನೊಬ್ಬನನ್ನು ಮೊದಲು ಮದುವೆಯಾಗಿದ್ದ ಆಲಿಸ್ ಓವನ್ ಎಂಬ ಶ್ರೀಮಂತ ವಿಧವೆ 1613ರಲ್ಲಿ ಇಸ್ಲಿಂಗ್‌ಟನ್‌ನಲ್ಲಿ ಸ್ಥಾಪಿಸಿ, ಇವರ ಕೈಗೆ ಒಪ್ಪಿಸಿದ ಶಾಲೆ ಅದು. ಈಗ ಪಾಟರ್ಸ್ ಬಾರ್ ಎಂಬ ಊರಿನಲ್ಲಿದೆ, ಮತ್ತು ಸಂಘದವರು ಅಲ್ಲಿನ ಮಕ್ಕಳಿಗೆ ‘ಬಿಯರ್ ಮನಿ’ ಎಂಬ ಹೆಸರಿನಲ್ಲಿ ನಾಣ್ಯ ಕೊಡುವ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದಾರೆ.