ಬೆಟ್ಟ ಕೊಂಡ ಊರಿಗೆ ವಿದ್ಯುತ್ ತಂತಿ ದಕ್ಕಲಿಲ್ಲ: ಬೌಲ್ಡರ್ ನಗರಸಭೆಯ ಮೂರು ಹಳೆಯ ವಿಷಯಗಳು

ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ನಗರದ ದಕ್ಷಿಣಕ್ಕೆ ಮಾರ್ಷಲ್ ಮೆಸಾ ಎಂಬ ಹುಲ್ಲುಗಾವಲಿನ ದಿಬ್ಬವಿದೆ. ಅದರ ಬುಡದಲ್ಲಿ ಚಾರಣಕ್ಕೆ ಬರುವವರ ಕಾರುಗಳಿಗಾಗಿ ನಗರಸಭೆ ಮಾಡಿಸಿದ ನಿಲುಗಡೆ ಜಾಗವಿದೆ, ಅಲ್ಲಿಂದಲೇ ಕಾಲುದಾರಿಗಳು ಹೊರಡುತ್ತವೆ, ಸಮೀಪದಲ್ಲೇ ವಿದ್ಯುತ್ ತಂತಿ ಹಾದುಹೋಗುತ್ತದೆ. ನೆಲದಡಿಯಲ್ಲಿ ಎಂದೋ ಮುಚ್ಚಿಹೋದ ಗಣಿಗಳ ಕಲ್ಲಿದ್ದಲು ದಶಕಗಳ ಕಾಲ ಒಳಗೊಳಗೇ ಉರಿಯುತ್ತಿತ್ತು. 2021ರ ಡಿಸೆಂಬರ್ 30ರಂದು ಬೀಸಿದ ಬಿರುಗಾಳಿಯಲ್ಲಿ ಹಬ್ಬಿ, ಪಕ್ಕದ ಲೂಯಿವಿಲ್ ಮತ್ತು ಸುಪೀರಿಯರ್ ಪಟ್ಟಣಗಳೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟು ಇಬ್ಬರ ಪ್ರಾಣ ತೆಗೆದುಕೊಂಡ ಮಾರ್ಷಲ್ ಬೆಂಕಿಗೆ ಎರಡು ಮೂಲಗಳಿದ್ದವು ಎಂದು 2023ರ ಜೂನ್‌ನಲ್ಲಿ ಕೌಂಟಿಯ (ಜಿಲ್ಲೆಯ) ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಪ್ರಕಟಿಸಿದ ತನಿಖಾ ವರದಿ ಹೇಳಿತು. ಅವುಗಳಲ್ಲಿ ಒಂದು ಈ ಕಾಲುದಾರಿಯ ಆರಂಭದ ಜಾಗದ ಹತ್ತಿರವೇ ಹುಟ್ಟಿತ್ತು. ಊರಿಗೆ ವಿದ್ಯುತ್ ಪೂರೈಸುವ ಖಾಸಗಿ ಕಂಪನಿಯಾದ ಎಕ್ಸೆಲ್ ಎನರ್ಜಿಯ ಸಡಿಲಗೊಂಡ ತಂತಿಯಿಂದ ಸಿಡಿದ ಕಿಡಿಯೇ ಅದಕ್ಕೆ ಹೆಚ್ಚು ಸಂಭವನೀಯ ಕಾರಣವೆಂದೂ, ನೆಲದಡಿಯ ಕಲ್ಲಿದ್ದಲ ಬೆಂಕಿಯ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದೆಂದೂ ತನಿಖೆ ತೀರ್ಮಾನಿಸಿತು. ತನ್ನ ತಂತಿಯಿಂದ ಬೆಂಕಿ ಹೊತ್ತಿತೆಂಬುದನ್ನು ಕಂಪನಿ ಒಪ್ಪಲಿಲ್ಲ.

ವಿದ್ಯುತ್, ಕಾಲುದಾರಿ, ಪಾರ್ಕಿಂಗ್: ಬೌಲ್ಡರ್ ನಗರಸಭೆಯ ಮುಂದೆ ವರ್ಷಗಳಿಂದ ಬರುತ್ತಲೇ ಇರುವ ಈ ಮೂರೂ ವಿಷಯಗಳು ಆ ದಿಬ್ಬದಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಇವು ಬೇರೆಬೇರೆ ಇಲಾಖೆಗಳ ಕಡತಗಳೆಂದು ಮೇಲ್ನೋಟಕ್ಕೆ ಅನ್ನಿಸಿದರೂ, ಊರಿನ ಸುತ್ತಲಿರುವುದನ್ನು ಊರೇ ಕೊಂಡು ತನ್ನ ಕೈಯಲ್ಲಿಟ್ಟುಕೊಳ್ಳಬಹುದೇ ಎಂಬ ಒಂದೇ ಪ್ರಶ್ನೆ ಇವುಗಳ ಹಿಂದೆ ಅರವತ್ತು ವರ್ಷಗಳಿಂದ ಇದೆ ಎಂಬುದು ಈ ಇತಿಹಾಸವನ್ನು ಓದಿದಷ್ಟೂ ನನಗೆ ಸ್ಪಷ್ಟವಾಗಿದೆ.

ಒಂದು ಲಕ್ಷದ ಎಂಟು ಸಾವಿರದಷ್ಟು ಜನರ ಈ ಊರಿನ ನಗರಸಭೆಯಲ್ಲಿ ಮೇಯರ್ ಸೇರಿ ಒಂಬತ್ತು ಸದಸ್ಯರಿದ್ದಾರೆ. ಕೊಲೊರಾಡೊದಲ್ಲಿ 1992ರ ರಾಜ್ಯ ಸಂವಿಧಾನ ತಿದ್ದುಪಡಿಯ ಪ್ರಕಾರ ಯಾವುದೇ ಹೊಸ ತೆರಿಗೆಗೆ ಮತದಾರರ ಒಪ್ಪಿಗೆ ಬೇಕು. ಆದ್ದರಿಂದ ದೊಡ್ಡ ನಿರ್ಧಾರಗಳೆಲ್ಲ ಸಭೆಯಲ್ಲಿ ಮುಗಿಯದೆ ನವೆಂಬರ್ ತಿಂಗಳ ಮತಪತ್ರದ ಮೇಲೆ ಬರುತ್ತವೆ. ಬೌಲ್ಡರ್‌ಗೆ ಆ ಅಭ್ಯಾಸ ಈ ತಿದ್ದುಪಡಿಗಿಂತ ಬಹಳ ಹಳೆಯದು.

ಬೇಸಿಗೆಯ ಶಿಕ್ಷಣ ಶಿಬಿರಗಳಿಗಾಗಿ 1898ರಲ್ಲಿ ಜನರ ಮತ ಪಡೆದು, ಸಾಲಪತ್ರ ಹೊರಡಿಸಿ, ಫ್ಲಾಟೈರನ್ಸ್ ಎಂಬ ಕಡಿದಾದ ಕಲ್ಲುಬಂಡೆಗಳ ಬುಡದಲ್ಲಿ ನಗರ ಜಮೀನು ಕೊಂಡಿತು. ಇವತ್ತು ಶಟಾಕ್ವಾ ಎಂದು ಕರೆಯುವ ಉದ್ಯಾನವೇ ಅದು. ಆದರೆ ನಿಜವಾದ ತಿರುವು 1959ರದು. ಎರಡನೇ ಮಹಾಯುದ್ಧದ ನಂತರ ಊರು ವೇಗವಾಗಿ ಬೆಳೆದು ಮನೆಗಳು ಬೆಟ್ಟ ಹತ್ತಲು ಹೊರಟಾಗ, ಕೊಲೊರಾಡೊ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಆಲ್ಬರ್ಟ್ ಬಾರ್ಟ್‌ಲೆಟ್ ಮತ್ತು ಗಣಿತ ಪ್ರಾಧ್ಯಾಪಕ ರಾಬರ್ಟ್ ಮೆಕೆಲ್ವಿ ಅವರ ಮುಂದಾಳತ್ವದಲ್ಲಿ ನಾಗರಿಕರು ಒಂದು ಉಪಾಯ ಹುಡುಕಿದರು. ಬೆಟ್ಟದ ಜಮೀನಿನ ಬಹುಪಾಲು ನಗರದ ಗಡಿಯಿಂದ ಆಚೆಗಿತ್ತು, ಅಲ್ಲಿ ಮನೆ ಕಟ್ಟಬಾರದೆಂದು ವಿಧಿಸುವ ಅಧಿಕಾರ ನಗರಕ್ಕಿರಲಿಲ್ಲ. ನೀರು ಮಾತ್ರ ನಗರದ್ದಾಗಿತ್ತು. ಸಮುದ್ರ ಮಟ್ಟದಿಂದ 5,750 ಅಡಿಗಿಂತ ಎತ್ತರದ ಜಾಗಕ್ಕೆ ನಗರ ನೀರು ಕೊಡಬಾರದೆಂಬ ತಿದ್ದುಪಡಿಯನ್ನು ಮತದಾರರು ನಗರದ ಸನ್ನದಿಗೆ, ಅಂದರೆ ಅದರ ಮೂಲ ಕಾನೂನಿಗೆ, ಸೇರಿಸಿದರು. ಭೂಪಟದ ಮೇಲೆ ಎಳೆದ ಆ ಗೆರೆಗೆ ನೀಲಿ ಗೆರೆ ಎಂದೇ ಹೆಸರಾಯಿತು. ನೀರಿಲ್ಲದ ಕಡೆ ಬಡಾವಣೆ ಏಳುವುದು ಕಷ್ಟ. ಮನೆ ಕಟ್ಟಬೇಡಿ ಎಂಬ ಮಾತನ್ನೇ ಆಡದೆ ಬೆಟ್ಟದ ಮೇಲ್ಮೈಯನ್ನು ಕಾಪಾಡಿದ ಇಷ್ಟು ಸರಳ ಕಾನೂನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೆರೆಯೊಂದೇ ಸಾಲದೆಂಬುದು ಬೇಗ ತಿಳಿಯಿತು. ಎನ್‌ಚಾಂಟೆಡ್ ಮೆಸಾ ಎಂಬ ಎತ್ತರದ ತಟ್ಟಿನ ಮೇಲೆ ಐಷಾರಾಮಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ 1962ರಲ್ಲಿ ಮತದಾರರು 1,05,000 ಡಾಲರ್ ಸಾಲಪತ್ರಕ್ಕೆ ಒಪ್ಪಿ ಆ ಜಾಗವನ್ನೇ ಕೊಂಡರು. ಪ್ರತಿ ಸಲವೂ ಹೀಗೆ ಓಡಾಡಿ ಹಣ ಹೊಂದಿಸುವ ಬದಲು ಕಾಯಂ ಆದಾಯವೇ ಇರಲಿ ಎಂದು 1967ರಲ್ಲಿ ಡಾಲರಿಗೆ ಒಂದು ಸೆಂಟಿನ ಮಾರಾಟ ತೆರಿಗೆಯನ್ನು ಜನರ ಮುಂದಿಟ್ಟು, ಅದರ ಶೇ 40 ಭಾಗವನ್ನು ಬಯಲು ಜಮೀನಿನ ಖರೀದಿಗೂ ಶೇ 60 ಭಾಗವನ್ನು ರಸ್ತೆಗಳಿಗೂ ಮೀಸಲಿಟ್ಟರು. ಬಯಲು ಜಮೀನನ್ನು ಉಳಿಸಲೆಂದೇ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ ಅಮೆರಿಕದ ಮೊದಲ ನಗರ ಬೌಲ್ಡರ್ ಎಂದು ದಾಖಲೆಗಳು ಹೇಳುವುದು ಈ ಮತದಾನದ ಬಗ್ಗೆಯೇ. ಬೆಟ್ಟಕ್ಕೂ ರಸ್ತೆಗೂ ಹಣ ಒಂದೇ ತೆರಿಗೆಯಿಂದ ಬಂತೆಂಬುದನ್ನು ಮಾತ್ರ ಹೆಚ್ಚಿನವರು ಮರೆತುಬಿಡುತ್ತಾರೆ. ಮುಂದೆ ಬಂದ ಪಾರ್ಕಿಂಗ್ ಜಗಳದ ಬೇರು ಅಲ್ಲೇ ಇದೆ ಎಂದು ನನ್ನ ಅನಿಸಿಕೆ.

ಇಂದು ನಗರದ ಕೈಯಲ್ಲಿ 45,000 ಎಕರೆಗೂ ಹೆಚ್ಚು ಬಯಲು ಮತ್ತು ಬೆಟ್ಟದ ಜಮೀನು ಇದೆ, 150 ಮೈಲಿಗೂ ಹೆಚ್ಚು ಉದ್ದದ ಕಾಲುದಾರಿಗಳಿವೆ. 2004-05ರಲ್ಲಿ ವರ್ಷಕ್ಕೆ ಸುಮಾರು 47 ಲಕ್ಷವಿದ್ದ ಭೇಟಿಗಳ ಸಂಖ್ಯೆ 2016-17ರ ಅಧ್ಯಯನದ ಹೊತ್ತಿಗೆ 62 ಲಕ್ಷ ದಾಟಿತ್ತು. ಅರ್ಧ ಶತಮಾನ ಕಾಲ ಇನ್ನಷ್ಟು ಜಮೀನು ಕೊಳ್ಳುವುದೇ ನಗರಸಭೆಯ ಚರ್ಚೆಯಾಗಿದ್ದರೆ, ಈಗ ಕೊಂಡದ್ದನ್ನು ಸವೆಯದಂತೆ ನೋಡಿಕೊಳ್ಳುವುದು ಚರ್ಚೆಯಾಗಿದೆ. ನಾಯಿಯನ್ನು ಹಗ್ಗವಿಲ್ಲದೆ ಎಲ್ಲಿ ಬಿಡಬಹುದು, ಬೆಟ್ಟದ ಸೈಕಲ್‌ಗೆ ಯಾವ ದಾರಿ, ಬ್ಯಾಟರಿ ಸೈಕಲ್‌ಗೆ ಯಾವ ದಾರಿ ಎಂಬ ಒಂದೊಂದು ಪ್ರಶ್ನೆಗೂ ರಾತ್ರಿಯವರೆಗೆ ಎಳೆಯುವ ಸಾರ್ವಜನಿಕ ಅಹವಾಲು ಸಭೆಗಳು ನಡೆದಿವೆ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಕಾರು. ನಡೆಯಲು ಬರುವ ಹೆಚ್ಚಿನ ಜನ ಬೆಟ್ಟದ ಬುಡದವರೆಗೆ ಕಾರಿನಲ್ಲೇ ಬರುತ್ತಾರೆ. 2010ರ ಸುಮಾರಿಗೆ ನಗರವು ಕೆಲವು ಕಾಲುದಾರಿಗಳ ಆರಂಭದಲ್ಲಿ ಬೌಲ್ಡರ್ ಕೌಂಟಿಯ ಹೊರಗೆ ನೋಂದಣಿಯಾದ ವಾಹನಗಳಿಗೆ ದಿನಕ್ಕೆ 5 ಡಾಲರ್ ಶುಲ್ಕ ವಿಧಿಸಿತು. ತೆರಿಗೆ ಕೊಟ್ಟವರು ಒಮ್ಮೆ ಕೊಟ್ಟಿದ್ದಾರೆ, ಕೊಡದವರು ನಿಲುಗಡೆಗಾದರೂ ಕೊಡಲಿ ಎಂಬ ಲೆಕ್ಕ ಅದು. ಆದರೆ ಹೊರಗಿನಿಂದ ಬರುವವರೂ ಊರಿನ ಅಂಗಡಿಗಳಲ್ಲಿ ಖರೀದಿ ಮಾಡಿ ಅದೇ ಮಾರಾಟ ತೆರಿಗೆಯನ್ನು ಕಟ್ಟುತ್ತಾರೆ ಎಂಬ ಆಕ್ಷೇಪವೂ ಸುಳ್ಳಲ್ಲ. ಶಟಾಕ್ವಾದಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಬೇಸಿಗೆಯ ಶನಿವಾರ, ಭಾನುವಾರಗಳಲ್ಲಿ ಉದ್ಯಾನದ ಜಾಗ ಬೆಳಿಗ್ಗೆಯೇ ತುಂಬಿ, ಕಾರುಗಳು ಸುತ್ತಲಿನ ಮನೆಗಳ ಬೀದಿಗೆ ನುಗ್ಗುತ್ತಿದ್ದವು. 2017ರ ಬೇಸಿಗೆಯಲ್ಲಿ ನಗರಸಭೆ ಪ್ರಾಯೋಗಿಕವಾಗಿ ಮೂರು ಕ್ರಮಗಳನ್ನು ಒಟ್ಟಿಗೆ ತಂದಿತು: ವಾರಾಂತ್ಯದಲ್ಲಿ ಗಂಟೆಗೆ 2.50 ಡಾಲರ್ ನಿಲುಗಡೆ ದರ, ಅಕ್ಕಪಕ್ಕದ ಬೀದಿಗಳಲ್ಲಿ ನಿವಾಸಿಗಳಿಗೆ ಪರವಾನಗಿ, ದೂರದಲ್ಲಿ ಕಾರು ಬಿಟ್ಟು ಬರುವವರಿಗೆ ಉಚಿತ ಬಸ್ಸು. ಒಂದನ್ನು ಬಿಟ್ಟು ಇನ್ನೊಂದನ್ನು ತಂದಿದ್ದರೆ ಕಾರುಗಳು ಮುಂದಿನ ಬೀದಿಗೆ ಸರಿಯುತ್ತಿದ್ದವು, ಅಷ್ಟೇ. ಬಸ್ಸಿನ ವ್ಯವಸ್ಥೆ ಆ ನಂತರದ ಬೇಸಿಗೆಗಳಲ್ಲೂ ಮುಂದುವರಿಯಿತು.

ಊರ ಮಧ್ಯದ ಪಾರ್ಕಿಂಗ್ ಕಥೆ ಇದಕ್ಕಿಂತ ಹಿಂದಿನದು. 1946ರಲ್ಲಿ ಮೊದಲ ಪಾರ್ಕಿಂಗ್ ಮೀಟರುಗಳು ಬಂದವು. 1970ರಲ್ಲಿ ಪೇಟೆಯ ಆಸ್ತಿಗಳ ಮಾಲೀಕರು ತಮ್ಮದೇ ಒಂದು ಸುಧಾರಣಾ ವಲಯ ಮಾಡಿಕೊಂಡು, ಪ್ರತಿ ಕಟ್ಟಡವೂ ತನ್ನ ಮುಂದೆ ಕಾರಿಗೆ ಜಾಗ ಬಿಡುವ ಬದಲು ಎಲ್ಲರೂ ಸೇರಿ ಬಹುಮಹಡಿ ನಿಲುಗಡೆ ಕಟ್ಟಡಗಳನ್ನು ಕಟ್ಟುವ ದಾರಿ ಹಿಡಿದರು. 1977ರಲ್ಲಿ ಪರ್ಲ್ ಸ್ಟ್ರೀಟಿನ ನಾಲ್ಕು ಬ್ಲಾಕುಗಳನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಟ್ಟುಕೊಡಲು ಸಾಧ್ಯವಾದದ್ದರ ಹಿಂದೆ ಈ ಏರ್ಪಾಡಿನ ಪಾಲೂ ಇದೆ. ನಿಲುಗಡೆಯಿಂದ ಬಂದ ಹಣದಲ್ಲಿ ಪೇಟೆಯ ನೌಕರರಿಗೆ ಬಸ್ ಪಾಸ್ ಕೊಡುವ ಪದ್ಧತಿಯೂ ಬೆಳೆಯಿತು. ಊರಿನ ಉಳಿದ ಭಾಗಕ್ಕೆ ಮಾತ್ರ ಹಳೆಯ ನಿಯಮವೇ ಇತ್ತು: ಮನೆಯಾಗಲಿ ಅಂಗಡಿಯಾಗಲಿ, ಇಂತಿಷ್ಟು ಕಾರುಗಳಿಗೆ ಜಾಗ ಬಿಡಲೇಬೇಕು. ಬಹುಮಹಡಿ ವಸತಿ ಕಟ್ಟಡಗಳಿಗೆ ಸಾರಿಗೆ ಮಾರ್ಗಗಳ ಸಮೀಪದಲ್ಲಿ ಇಂಥ ಕಡ್ಡಾಯ ಹೇರುವಂತಿಲ್ಲವೆಂದು 2024ರಲ್ಲಿ ರಾಜ್ಯ ಶಾಸನಸಭೆ ಕಾನೂನು ಮಾಡಿದ ಮೇಲೆ, 2025ರಲ್ಲಿ ಬೌಲ್ಡರ್ ನಗರಸಭೆ ಇನ್ನೂ ಮುಂದೆ ಹೋಗಿ ಇಡೀ ನಗರದಲ್ಲೇ ಕಡ್ಡಾಯವನ್ನು ತೆಗೆದುಹಾಕಿತು.

ಇದರ ಹಿಂದಿರುವ ಕಾರಣ ಮತ್ತೆ ಬೆಟ್ಟಕ್ಕೇ ಹೋಗಿ ಸೇರುತ್ತದೆ. ಊರಿನ ಸುತ್ತ ಹಸಿರು ಪಟ್ಟಿ ಇರುವುದರಿಂದ ಹೊರಕ್ಕೆ ಬೆಳೆಯಲಾಗದು, 1971ರ ಸನ್ನದು ತಿದ್ದುಪಡಿಯಿಂದಾಗಿ 55 ಅಡಿಗಿಂತ ಎತ್ತರಕ್ಕೂ ಕಟ್ಟಲಾಗದು. ಮನೆಯ ಬೆಲೆ ಏರಿ, ಊರಿನಲ್ಲಿ ಕೆಲಸ ಮಾಡುವ ಹತ್ತಾರು ಸಾವಿರ ಜನ ಬೇರೆ ಪಟ್ಟಣಗಳಲ್ಲಿ ವಾಸವಿದ್ದು ದಿನವೂ ಕಾರಿನಲ್ಲಿ ಬರುತ್ತಾರೆ. ಇರುವ ನೆಲದಲ್ಲಿ ಕಾರಿಗೆ ಮೀಸಲಿಟ್ಟ ಪ್ರತಿ ಅಡಿಯೂ ಒಂದು ಮನೆಗೆ ಸಿಗದ ಜಾಗ. ಬೆಟ್ಟ ಉಳಿಸಿದ್ದು ಸರಿಯೆಂದು ಮನಸಾರೆ ನಂಬುವ ನಾನು, ಅದರ ಬೆಲೆಯನ್ನು ಊರ ಹೊರಗಿನಿಂದ ಬರುವ ಮಾಸ್ತರರು, ದಾದಿಯರು, ಹೋಟೆಲ್ ಕೆಲಸದವರು ತೆತ್ತಿದ್ದಾರೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಇನ್ನು ವಿದ್ಯುತ್. ಕರ್ನಾಟಕದ ಓದುಗರಿಗೆ ನಗರಸಭೆ ವಿದ್ಯುತ್ ವಿತರಣೆಯ ಬಗ್ಗೆ ಚರ್ಚಿಸುವುದೇ ಹೊಸದೆನ್ನಿಸಬಹುದು, ಏಕೆಂದರೆ ನಮ್ಮಲ್ಲಿ ಅದು ರಾಜ್ಯ ಸರ್ಕಾರದ ಕಂಪನಿಗಳ ಕೆಲಸ. ಅಮೆರಿಕದಲ್ಲಿ ಖಾಸಗಿ ಕಂಪನಿಗಳ ಜೊತೆಗೆ ನಗರಗಳೇ ನಡೆಸುವ ವಿದ್ಯುತ್ ಸಂಸ್ಥೆಗಳೂ ಬಹಳ ಇವೆ. ಬೌಲ್ಡರ್‌ನ ನೆರೆಯ ಲಾಂಗ್‌ಮಾಂಟ್ 1912ರಿಂದ ಹಾಗೆ ನಡೆಸುತ್ತಿದೆ. ಬೌಲ್ಡರ್ ಮಾತ್ರ ಖಾಸಗಿ ಕಂಪನಿಯ ಗ್ರಾಹಕನಾಗಿಯೇ ಉಳಿದಿತ್ತು. ಬೆಟ್ಟದಿಂದ ಬರುವ ಕುಡಿಯುವ ನೀರಿನ ಕೊಳವೆಗಳ ಮೇಲೆ ನಗರವೇ ಸಣ್ಣ ಜಲವಿದ್ಯುತ್ ಘಟಕಗಳನ್ನು ನಡೆಸುತ್ತಿದ್ದು, 2001ರಲ್ಲಿ ಬೌಲ್ಡರ್ ಕಣಿವೆಯ ಹಳೆಯ ಜಲವಿದ್ಯುತ್ ಕೇಂದ್ರವನ್ನೂ ಎಕ್ಸೆಲ್‌ನಿಂದ ಕೊಂಡಿತು. ಆದರೆ ಮನೆಮನೆಗೆ ಹೋಗುವ ತಂತಿ ಕಂಪನಿಯದೇ ಆಗಿತ್ತು.

ಭೂಮಿಯನ್ನು ಬಿಸಿಯಾಗಿಸುವ ಅನಿಲಗಳನ್ನು ಇಳಿಸುವ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದದ ಗುರಿಯನ್ನು 2002ರಲ್ಲಿ ನಗರ ತನ್ನದಾಗಿ ಸ್ವೀಕರಿಸಿತು. 2006ರ ನವೆಂಬರಿನಲ್ಲಿ ಮತದಾರರು ಕರೆಂಟ್ ಬಿಲ್ಲಿನ ಮೇಲೆ ಯೂನಿಟ್ ಲೆಕ್ಕದಲ್ಲಿ ವಸೂಲಾಗುವ ಹವಾಮಾನ ತೆರಿಗೆಗೆ ಒಪ್ಪಿದರು. ದೇಶದಲ್ಲೇ ಮೊದಲ ಸ್ಥಳೀಯ ಇಂಗಾಲ ತೆರಿಗೆ ಎಂದು ಅದು ಹೆಸರಾಯಿತು. ಮನೆಗಳಿಗೆ ಉಷ್ಣ ನಿರೋಧಕ ಹಾಕಿಸಿ ಬಳಕೆ ಕಡಿಮೆ ಮಾಡಿದರೂ ಗುರಿ ದೂರವೇ ಉಳಿಯಿತು, ಏಕೆಂದರೆ ಕಂಪನಿ ಆಗ ಕೊಡುತ್ತಿದ್ದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದಾಗಿತ್ತು. 2008ರಲ್ಲಿ ಕಂಪನಿ ಬೌಲ್ಡರ್‌ನಲ್ಲಿ ಆರಂಭಿಸಿದ ಸ್ಮಾರ್ಟ್ ಗ್ರಿಡ್ (ಗಣಕೀಕೃತ ವಿದ್ಯುತ್ ಜಾಲ) ಯೋಜನೆಯ ವೆಚ್ಚ ಸುಮಾರು 1.5 ಕೋಟಿ ಡಾಲರ್ ಅಂದಾಜಿನಿಂದ 4.4 ಕೋಟಿ ದಾಟಿದಾಗ ನಂಬಿಕೆಯೂ ಕುಂದಿತು. ಊರಿನಲ್ಲಿ ವಿದ್ಯುತ್ ಪೂರೈಸಲು ನಗರ ಕಂಪನಿಗೆ ಅನುಮತಿ ಕೊಟ್ಟಿದ್ದ ಇಪ್ಪತ್ತು ವರ್ಷಗಳ ಫ್ರಾಂಚೈಸ್ ಒಪ್ಪಂದ 2010ರ ಕೊನೆಗೆ ಮುಗಿಯುವುದಿತ್ತು. ಅದನ್ನು ನವೀಕರಿಸುವ ಪ್ರಸ್ತಾವವನ್ನು ಜನಮತಕ್ಕೆ ಹಾಕದಿರಲು ನಗರಸಭೆ ನಿರ್ಧರಿಸಿತು. ಮರುವರ್ಷ ನಗರವೇ ವಿದ್ಯುತ್ ಸಂಸ್ಥೆ ನಡೆಸಲು ಮತದಾರರು ಅಲ್ಪ ಅಂತರದಿಂದ ಒಪ್ಪಿಗೆ ಕೊಟ್ಟರು. 2013ರಲ್ಲಿ ಈ ಪ್ರಯತ್ನಕ್ಕೆ ನಿರ್ಬಂಧ ಹಾಕಲು ಕಂಪನಿಯ ಬೆಂಬಲದೊಂದಿಗೆ ಬಂದ ಪ್ರಸ್ತಾವವನ್ನು ಸೋಲಿಸಿ, ಕಂಬ ಮತ್ತು ತಂತಿಗಳ ಖರೀದಿಗೆ 21.4 ಕೋಟಿ ಡಾಲರ್ ಮಿತಿಯನ್ನು ತಾವೇ ಹಾಕಿಕೊಂಡರು.

ಜಮೀನು ಕೊಂಡ ಊರಿಗೆ ತಂತಿ ಕೊಳ್ಳುವುದೂ ಅದೇ ಬಗೆಯ ಕೆಲಸವೆಂದು ತೋರಿರಬೇಕು. ಜಮೀನಿನ ವಿಷಯದಲ್ಲಿ ಸಾಮಾನ್ಯವಾಗಿ ಮಾರುವವನಿದ್ದ, ಬೆಲೆಯಿತ್ತು, ಕೊಂಡ ಮರುದಿನ ಜಮೀನು ಇದ್ದಲ್ಲೇ ಇರುತ್ತಿತ್ತು. ತಂತಿಯ ಮಾಲೀಕನಿಗೆ ಮಾರುವ ಮನಸ್ಸಿರಲಿಲ್ಲ, ತಂತಿ ನಗರದ ಗಡಿಯನ್ನು ನೋಡಿ ನಿಲ್ಲುವುದೂ ಇಲ್ಲ. ಒಂದೇ ಉಪಕೇಂದ್ರದಿಂದ ನಗರಕ್ಕೂ ಹೊರಗಿನ ಮನೆಗಳಿಗೂ ವಿದ್ಯುತ್ ಹೋಗುತ್ತಿದ್ದರೆ ಎಲ್ಲಿ ಕತ್ತರಿಸಬೇಕು, ಹೊಸ ಜೋಡಣೆಯ ಖರ್ಚು ಯಾರದು, ಹೊರಗಿನ ಗ್ರಾಹಕರ ಹೊಣೆ ಯಾರದು ಎಂಬುದನ್ನು ತೀರ್ಮಾನಿಸುವ ಅಧಿಕಾರ ರಾಜ್ಯದ ನಿಯಂತ್ರಣ ಆಯೋಗದ್ದು. ನಗರ 2014ರಲ್ಲಿ ಹೂಡಿದ ಸ್ವಾಧೀನ ದಾವೆಯನ್ನು, ಮೊದಲು ಆಯೋಗದ ಮುಂದೆ ಹೋಗಬೇಕೆಂಬ ಕಾರಣಕ್ಕೆ, ನ್ಯಾಯಾಲಯ 2015ರಲ್ಲಿ ವಜಾ ಮಾಡಿತು. 2017ರ ಸೆಪ್ಟೆಂಬರಿನಲ್ಲಿ ಆಯೋಗ ಷರತ್ತುಗಳೊಂದಿಗೆ ಭಾಗಶಃ ಒಪ್ಪಿತು. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ಊರಿನ ಪೂರ್ವದಲ್ಲಿ 1924ರಿಂದ ಹೊಗೆಯಾಡುತ್ತಿದ್ದ ವಾಲ್ಮಾಂಟ್ ಸ್ಥಾವರದಲ್ಲಿ ಕಲ್ಲಿದ್ದಲು ಸುಡುವುದು 2017ರಲ್ಲಿ ನಿಂತಿತು. ಇಂಗಾಲ ಹೊರಸೂಸುವಿಕೆಯನ್ನು 2005ರ ಮಟ್ಟಕ್ಕಿಂತ 2030ರ ಹೊತ್ತಿಗೆ ಶೇ 80ರಷ್ಟು ಇಳಿಸುವುದಾಗಿ 2018ರಲ್ಲಿ ಕಂಪನಿಯೇ ಘೋಷಿಸಿತು. ಎರಡು ಕೋಟಿ ಡಾಲರಿಗೂ ಹೆಚ್ಚು ಖರ್ಚಾದ ಮೇಲೂ ಒಂದು ಕಂಬವೂ ನಗರದ್ದಾಗಿರಲಿಲ್ಲ. 2020ರ ನವೆಂಬರಿನಲ್ಲಿ, ಗುರಿ ತಪ್ಪಿದರೆ ಒಪ್ಪಂದದಿಂದ ಹೊರಬರುವ ಅವಕಾಶವನ್ನು ಉಳಿಸಿಕೊಂಡು, ಅದೇ ಕಂಪನಿಯೊಂದಿಗೆ ಇನ್ನೊಂದು ಇಪ್ಪತ್ತು ವರ್ಷಗಳ ಫ್ರಾಂಚೈಸ್‌ಗೆ ಮತದಾರರು ಒಪ್ಪಿದರು.

ಹತ್ತು ವರ್ಷಗಳ ಆ ಹೋರಾಟ ವ್ಯರ್ಥವೆಂದು ಹಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಗ್ರಾಹಕರ ಒಂದು ಇಡೀ ನಗರವೇ ಬಿಟ್ಟುಹೋಗಬಹುದೆಂಬ ಭಯ ಕಂಪನಿಯ ಮೇಲೆ ಎಷ್ಟು ಕೆಲಸ ಮಾಡಿತೆಂದು ಅಳೆಯಲಾಗದು, ಆದರೆ ಅದು ಏನೂ ಮಾಡಲಿಲ್ಲವೆಂದು ನಂಬುವುದು ಕಷ್ಟ.

ಒಪ್ಪಂದವಾಗಿ ಹದಿಮೂರು ತಿಂಗಳಿಗೆ ಮಾರ್ಷಲ್ ಬೆಂಕಿ ಬಂತು. ಅಲ್ಲಿಂದ ಚರ್ಚೆಯ ವಿಷಯವೇ ಬದಲಾಯಿತು: ವಿದ್ಯುತ್ ಎಷ್ಟು ಹಸಿರು ಎಂಬುದರ ಜೊತೆಗೆ, ಒಣ ಹುಲ್ಲಿನ ಮೇಲೆ ಹಾದುಹೋಗುವ ತಂತಿ ಎಷ್ಟು ಸುರಕ್ಷಿತ ಎಂಬುದೂ ನಗರಸಭೆಯ ಪ್ರಶ್ನೆಯಾಯಿತು. ಹಳೆಯ ಎರಡು ತೆರಿಗೆಗಳ ಬದಲಿಗೆ ವರ್ಷಕ್ಕೆ 65 ಲಕ್ಷ ಡಾಲರ್ ತರುವ ಹೊಸ ಹವಾಮಾನ ತೆರಿಗೆಗೆ 2022ರ ನವೆಂಬರಿನಲ್ಲಿ ಮತದಾರರು ಒಪ್ಪಿದಾಗ ಅದರಲ್ಲಿ 15 ಲಕ್ಷವನ್ನು ಕಾಡ್ಗಿಚ್ಚಿನ ಮುನ್ನೆಚ್ಚರಿಕೆಗೆ ಇಡಲಾಯಿತು. 2024ರ ಏಪ್ರಿಲ್ 6ರಂದು ಗಾಳಿಯ ಮುನ್ಸೂಚನೆ ಬಂದಾಗ, ಕೊಲೊರಾಡೊದಲ್ಲಿ ಮೊದಲ ಬಾರಿಗೆ ಕಂಪನಿ ಮುಂಜಾಗ್ರತೆಯಾಗಿ ಸುಮಾರು 55 ಸಾವಿರ ಗ್ರಾಹಕರ ವಿದ್ಯುತ್ತನ್ನು ತಾನೇ ನಿಲ್ಲಿಸಿತು. ನಗರದ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೂ ಕರೆಂಟ್ ಹೋಯಿತು. ಹುಲ್ಲುಗಾವಲು ನಗರದ್ದು, ಅದರ ಮೇಲಿನ ತಂತಿ ಕಂಪನಿಯದು. ಗಾಳಿ ಎದ್ದ ದಿನ ಸ್ವಿಚ್ಚನ್ನು ಯಾವಾಗ ಆರಿಸಬೇಕು, ಅದಕ್ಕೆ ಎಷ್ಟು ಗಂಟೆ ಮೊದಲು ಊರಿಗೆ ತಿಳಿಸಬೇಕು ಎಂಬುದನ್ನು ನಗರಸಭೆ ಈಗ ಕಂಪನಿಯ ಎದುರು ಕೂತು ಕೇಳುತ್ತಿದೆ.