ಐಫೋನ್, ಆಂಡ್ರಾಯ್ಡ್: ದಿನಾ ಕೈಗೆ ತಾಗುವ ವ್ಯತ್ಯಾಸಗಳು ಎಲ್ಲಿಂದ ಬಂದವು?

ಆಂಡ್ರಾಯ್ಡ್‌ನಲ್ಲಿ ಕೈ ಪಳಗಿದವರಿಗೆ ಒಂದು ಐಫೋನ್ ಕೊಟ್ಟು ನೋಡಿ. ಕ್ಯಾಮೆರಾ, ಸ್ಪೀಡು ಎಲ್ಲ ಆಮೇಲಿನ ಮಾತು. ಮೊದಲು ಅವರು ತಡವರಿಸುವುದು ಹಿಂದಿನ ಸ್ಕ್ರೀನಿಗೆ ಹೋಗುವಾಗ. ಬಲ ಅಂಚಿನಿಂದ ಬೆರಳು ಎಳೆಯುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಎಳೆಯುತ್ತಾರೆ. ಕೊನೆಗೆ ಮೇಲಿನ ಎಡಮೂಲೆಯಲ್ಲಿ ಒಂದು ಪುಟ್ಟ ಬಾಣ ಕಾಣಿಸುತ್ತದೆ, ಆದರೆ ಅಲ್ಲಿಗೆ ಹೆಬ್ಬೆರಳು ಎಟುಕುವುದಿಲ್ಲ. ಐಫೋನ್ ಬಿಟ್ಟು ಆಂಡ್ರಾಯ್ಡ್‌ಗೆ ಬಂದವರ ಪಾಡು ಬೇರೆ. ಅವರು ಹಿಂದೆ ಹಿಂದೆ ಅಂತ ಎಳೆಯುತ್ತಾ ಹೋಗಿ ಆ್ಯಪ್‌ನಿಂದಲೇ ಹೊರಗೆ ಬಂದಿರುತ್ತಾರೆ.

ಯಾವ ಫೋನ್ ಒಳ್ಳೆಯದು ಅಂತ ಕಿತ್ತಾಡುವಾಗ ಇಂಥದ್ದನ್ನು ಯಾರೂ ಎತ್ತುವುದಿಲ್ಲ. ಮೆಗಾಪಿಕ್ಸೆಲ್, ಪ್ರೊಸೆಸರ್ ಅಂತಲೇ ಜಗಳ. ನನ್ನನ್ನು ಕೇಳಿದರೆ, ದುಬಾರಿ ಫೋನುಗಳ ಮಟ್ಟಿಗೆ ಆ ಲೆಕ್ಕದಲ್ಲಿ ಈಗ ದೊಡ್ಡ ಅಂತರ ಉಳಿದಿಲ್ಲ. ದಿನಬಳಕೆಯಲ್ಲಿ ಕಾಣುವ ವ್ಯತ್ಯಾಸಗಳು ತುಂಬಾ ಹಳೆಯವು. ಯಾರು ಯಾವುದರಿಂದ ದುಡ್ಡು ಮಾಡಬೇಕು ಅಂತ ಆಗ ತೀರ್ಮಾನ ಆಯಿತಲ್ಲ, ಅಲ್ಲಿಂದ ಬಂದವು.

ಆಂಡ್ರಾಯ್ಡ್ ಹುಟ್ಟಿದ್ದು ಫೋನಿಗೆ ಅಂತ ಅಲ್ಲ. 2003ರಲ್ಲಿ ಆ್ಯಂಡಿ ರೂಬಿನ್ ಮತ್ತು ಇನ್ನು ಮೂವರು ಸೇರಿ ಕ್ಯಾಲಿಫೋರ್ನಿಯಾದಲ್ಲಿ ಆ ಹೆಸರಿನ ಕಂಪನಿ ಕಟ್ಟಿದಾಗ ಅವರ ತಲೆಯಲ್ಲಿದ್ದದ್ದು ಡಿಜಿಟಲ್ ಕ್ಯಾಮೆರಾ. ಆ ಮಾರುಕಟ್ಟೆ ಸಣ್ಣದು ಅನ್ನಿಸಿ ಫೋನಿನ ಕಡೆ ತಿರುಗಿದರು. 2005ರಲ್ಲಿ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಗೂಗಲ್‌ಗೆ ಆಗ ಭಯ ಇದ್ದದ್ದು ಮೈಕ್ರೋಸಾಫ್ಟ್ ಬಗ್ಗೆ. ಕಂಪ್ಯೂಟರನ್ನು ಹಿಡಿದ ಹಾಗೆ ಫೋನನ್ನೂ ಅದೇ ಹಿಡಿದುಬಿಟ್ಟರೆ, ಜನ ಗೂಗಲ್‌ನಲ್ಲಿ ಹುಡುಕಬೇಕಾದರೆ ಮೈಕ್ರೋಸಾಫ್ಟ್ ಮನಸ್ಸು ಮಾಡಬೇಕಾಗುತ್ತದೆ ಅಲ್ವಾ? ಹಾಗಾಗಿ ಒಂದು ಫೋನ್ ತಯಾರಾಗುತ್ತಿತ್ತು. ಹೆಸರು ಸೂನರ್. ಮೇಲೆ ಸಣ್ಣ ಸ್ಕ್ರೀನು, ಕೆಳಗೆ ಪೂರ್ತಿ ಕೀಬೋರ್ಡು, ಥೇಟ್ ಬ್ಲ್ಯಾಕ್‌ಬೆರಿ.

2007ರ ಜನವರಿ 9ರಂದು ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದರು. ತಮಾಷೆ ಏನೆಂದರೆ ಅವತ್ತು ಗೂಗಲ್ ಮುಖ್ಯಸ್ಥ ಎರಿಕ್ ಸ್ಮಿತ್ ಕೂಡ ಅದೇ ವೇದಿಕೆ ಹತ್ತಿದ್ದರು. ಅವರು ಆಗ ಆ್ಯಪಲ್‌ನ ನಿರ್ದೇಶಕ ಮಂಡಳಿಯಲ್ಲೂ ಇದ್ದರು, 2009ರವರೆಗೂ ಇದ್ದರು. ಆ ಮೊದಲ ಐಫೋನಿನಲ್ಲಿ ಗೂಗಲ್ ಮ್ಯಾಪ್ಸ್ ಮೊದಲೇ ಸೇರಿಕೊಂಡಿತ್ತು. ಇತ್ತ ಆಂಡ್ರಾಯ್ಡ್ ತಂಡ ಸೂನರ್ ಅನ್ನು ಬದಿಗಿಟ್ಟು ಟಚ್‌ಸ್ಕ್ರೀನ್ ಇರುವ ಇನ್ನೊಂದು ಫೋನನ್ನು ಮುಂದಕ್ಕೆ ತಂದಿತು. 2008ರ ಅಕ್ಟೋಬರಿನಲ್ಲಿ ಅದು ಎಚ್‌ಟಿಸಿ ಡ್ರೀಮ್ ಆಗಿ ಮಾರಾಟಕ್ಕೆ ಬಂತು.

ಇಬ್ಬರ ವ್ಯಾಪಾರ ಬೇರೆ ಬೇರೆ. ಆ್ಯಪಲ್‌ಗೆ ದುಡ್ಡು ಬರುವುದು ಫೋನ್ ಮಾರಿ. ಹಾಗಾಗಿ ಫೋನೂ ತನ್ನದೇ, ಸಾಫ್ಟ್‌ವೇರೂ ತನ್ನದೇ, ಬೇರೆಯವರಿಗೆ ಕೊಡುವ ಮಾತೇ ಇಲ್ಲ. ಗೂಗಲ್‌ಗೆ ದುಡ್ಡು ಬರುವುದು ಜಾಹೀರಾತಿನಿಂದ, ಅದಕ್ಕೆ ಆದಷ್ಟು ಜಾಸ್ತಿ ಜನರ ಕೈಯಲ್ಲಿ ಗೂಗಲ್ ಸರ್ಚ್ ಇರಬೇಕು. ಆದ್ದರಿಂದ 2007ರ ನವೆಂಬರಿನಲ್ಲಿ 34 ಕಂಪನಿಗಳ ಕೂಟ ಕಟ್ಟಿ, ಸಾಫ್ಟ್‌ವೇರ್ ಪುಕ್ಕಟೆ ತಗೊಳ್ಳಿ, ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ ಅಂದಿತು. ಸುಮ್ನೆ ದಾನ ಮಾಡಿದ್ದಲ್ಲ. ಐಫೋನಿನಲ್ಲೂ ಗೂಗಲ್ ಸರ್ಚೇ ಮೊದಲು ಬರಲಿ ಅಂತ ಅದೇ ಗೂಗಲ್ 2022ರ ಒಂದೇ ವರ್ಷ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು ಅನ್ನುವುದು ಅಮೆರಿಕದ ಕೋರ್ಟ್ ದಾಖಲೆಗಳಿಂದ ಹೊರಬಿದ್ದಿದೆ. ಬಳಸುವವರು ಜಗಳವಾಡುತ್ತಾರೆ, ಕಂಪನಿಗಳ ಲೆಕ್ಕಾಚಾರ ಚೆನ್ನಾಗಿಯೇ ಇದೆ.

ಈಗ ಹಿಂದಕ್ಕೆ ಹೋಗುವ ವಿಷಯ. ಎಚ್‌ಟಿಸಿ ಡ್ರೀಮ್‌ನಲ್ಲಿ ಸ್ಕ್ರೀನಿನ ಕೆಳಗೆ ನಿಜವಾದ ಬ್ಯಾಕ್ ಬಟನ್ ಇತ್ತು. ಒಂದು ಆ್ಯಪ್‌ನಲ್ಲಿ ಮೆಸೇಜ್ ಓದುತ್ತಾ ಲಿಂಕ್ ಒತ್ತಿದರೆ ಬ್ರೌಸರ್ ತೆರೆಯುತ್ತದೆ, ಬ್ಯಾಕ್ ಒತ್ತಿದರೆ ಮತ್ತೆ ಅದೇ ಮೆಸೇಜಿಗೆ ಬರುತ್ತೀರಿ. ನೀವು ದಾಟಿ ಬಂದ ಸ್ಕ್ರೀನುಗಳನ್ನು ಫೋನೇ ಒಂದರ ಮೇಲೊಂದು ಪೇರಿಸಿ ಇಟ್ಟುಕೊಂಡಿರುತ್ತದೆ, ಅವು ಯಾವ ಆ್ಯಪ್‌ನವು ಅನ್ನುವುದು ಅದಕ್ಕೆ ಬೇಕಿಲ್ಲ. ಐಫೋನಿನಲ್ಲಿ ಸ್ಕ್ರೀನಿನ ಕೆಳಗೆ ಇದ್ದದ್ದು ಒಂದೇ ಬಟನ್, ಹೋಮ್. ಆ್ಯಪ್‌ನ ಒಳಗೆ ಹಿಂದಕ್ಕೆ ಹೋಗುವುದನ್ನು ಆ ಆ್ಯಪೇ ನೋಡಿಕೊಳ್ಳಬೇಕು, ಅದಕ್ಕೆ ಜಾಗ ಮೇಲಿನ ಎಡಮೂಲೆ. ಆಗ ಅದರಲ್ಲಿ ಏನೂ ತಪ್ಪಿರಲಿಲ್ಲ. ಸ್ಕ್ರೀನ್ ಇದ್ದದ್ದೇ ಮೂರೂವರೆ ಇಂಚು, ಹೆಬ್ಬೆರಳು ಎಲ್ಲಿಗೆ ಬೇಕಾದರೂ ಎಟುಕುತ್ತಿತ್ತು.

ಸ್ಕ್ರೀನ್ ಬೆಳೆಯಿತು, ಬಾಣ ಮಾತ್ರ ಅಲ್ಲೇ ಉಳಿಯಿತು. 2013ರಲ್ಲಿ ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್‌ನ 7ನೇ ಆವೃತ್ತಿ ಬಂದಾಗ ಎಡ ಅಂಚಿನಿಂದ ಎಳೆದರೆ ಹಿಂದಕ್ಕೆ ಹೋಗುವ ಹಾಗೆ ಮಾಡಿದರು. 2014ರ ಐಫೋನ್ 6 ಪ್ಲಸ್ ಐದೂವರೆ ಇಂಚಿನದ್ದು. ಅದರಲ್ಲಿ ಹೋಮ್ ಬಟನ್ ಎರಡು ಸಲ ತಟ್ಟಿದರೆ ಇಡೀ ಸ್ಕ್ರೀನೇ ಕೆಳಕ್ಕೆ ಜಾರಿ ಬರುತ್ತಿತ್ತು. ಒಂದು ಬಾಣ ಮುಟ್ಟುವುದಕ್ಕೆ ಸ್ಕ್ರೀನನ್ನೇ ಇಳಿಸುವುದು ಎಂಥ ಉಪಾಯವೋ! ಬೇರೆ ಆ್ಯಪ್‌ನಿಂದ ಬಂದಿದ್ದರೆ ಅಲ್ಲಿಗೆ ವಾಪಸ್ ಹೋಗುವ ಪುಟ್ಟ ಕೊಂಡಿ ಬಂದದ್ದು 2015ರಲ್ಲಿ. ಅದನ್ನೂ ಅದೇ ಎಡಮೂಲೆಯಲ್ಲಿ ತೂರಿಸಿದರು. ಇವತ್ತಿಗೂ ಐಫೋನಿನಲ್ಲಿ ಕೆಲವು ಸ್ಕ್ರೀನ್ ಪಕ್ಕಕ್ಕೆ ಎಳೆದರೆ ಹೋಗುತ್ತವೆ, ಕೆಲವು ಕೆಳಕ್ಕೆ ಎಳೆದರೆ ಹೋಗುತ್ತವೆ, ಇನ್ನು ಕೆಲವಕ್ಕೆ ಮೇಲೆಲ್ಲೋ ಇರುವ ಕ್ಯಾನ್ಸಲ್ ಒತ್ತಬೇಕು. ರೂಢಿಯಾದವರಿಗೆ ಇದು ಗೊತ್ತೇ ಆಗುವುದಿಲ್ಲ, ಹೊಸಬರಿಗೆ ತಲೆ ಕೆಡುತ್ತದೆ. ಆಂಡ್ರಾಯ್ಡ್ ಏನೂ ತಪ್ಪು ಮಾಡಿಲ್ಲ ಅಂತಲ್ಲ. 2019ರಲ್ಲಿ ಬಟನ್ ತೆಗೆದು ಎರಡೂ ಅಂಚಿನಿಂದ ಎಳೆಯುವ ವ್ಯವಸ್ಥೆ ತಂದರು. ಆದರೆ ಎಷ್ಟೋ ಆ್ಯಪ್‌ಗಳ ಮೆನು ಎಡ ಅಂಚಿನಿಂದ ಎಳೆದರೇ ತೆರೆಯುತ್ತಿತ್ತು. ಮೆನು ಬೇಕು ಅಂತ ಎಳೆದರೆ ಹಿಂದಕ್ಕೆ ಹೋಗುವುದು, ಕೆಲವು ಕಾಲ ಇದೇ ಗೋಳು. ಆದರೂ ಈ ಒಂದು ವಿಷಯದಲ್ಲಿ ನನ್ನ ವೋಟು ಆಂಡ್ರಾಯ್ಡ್‌ಗೆ.

ಬ್ಯಾಟರಿಯ ಕಥೆಯೂ ಹೀಗೆಯೇ ಎರಡು ತುದಿಗಳಿಂದ ಶುರುವಾಯಿತು. ಮೊದಲ ಐಫೋನಿನಲ್ಲಿ ಹೊರಗಿನವರ ಆ್ಯಪ್ ಹಾಕುವುದಕ್ಕೇ ಆಗುತ್ತಿರಲಿಲ್ಲ. ಆ್ಯಪ್ ಸ್ಟೋರ್ ಬಂದದ್ದು 2008ರ ಜುಲೈನಲ್ಲಿ, 500 ಆ್ಯಪ್‌ಗಳೊಂದಿಗೆ. ಆಗಲೂ ನೀವು ಆ್ಯಪ್ ಬಿಟ್ಟು ಹೊರಬಂದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಕೂತು ಏನೂ ಮಾಡುವ ಹಾಗಿಲ್ಲ, ಬ್ಯಾಟರಿ ತಿನ್ನುತ್ತದೆ ಅನ್ನುವುದು ಆ್ಯಪಲ್‌ನ ವಾದ. ಹಾಗಾದರೆ ಹೊಸ ಮೆಸೇಜ್ ಬಂದದ್ದು ಗೊತ್ತಾಗುವುದು ಹೇಗೆ? 2009ರಲ್ಲಿ ಆ್ಯಪಲ್‌ನ ಸರ್ವರೇ ಫೋನಿಗೆ ಸುದ್ದಿ ಮುಟ್ಟಿಸುವ ಪುಶ್ ನೋಟಿಫಿಕೇಶನ್ ಬಂತು. ಆಂಡ್ರಾಯ್ಡ್‌ನಲ್ಲಿ ಮೊದಲ ದಿನದಿಂದಲೇ ಆ್ಯಪ್‌ಗಳು ಹಿಂದೆ ಓಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಪರಿಣಾಮ ಹಳೇ ಆಂಡ್ರಾಯ್ಡ್ ಇಟ್ಟುಕೊಂಡಿದ್ದವರಿಗೆಲ್ಲ ನೆನಪಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಕೆಂಪಾಗಿರುತ್ತಿತ್ತು. ಓಡುತ್ತಿರುವ ಆ್ಯಪ್‌ಗಳನ್ನು ಕೊಲ್ಲುವುದಕ್ಕೆ ಅಂತಲೇ ಟಾಸ್ಕ್ ಕಿಲ್ಲರ್ ಅನ್ನುವ ಇನ್ನೊಂದು ಆ್ಯಪ್ ಹಾಕಿಕೊಳ್ಳುತ್ತಿದ್ದರು. ಕೊಂದ ಆ್ಯಪ್ ಮತ್ತೆ ಎದ್ದು ಬರುತ್ತಿತ್ತು. ಅದನ್ನು ಮತ್ತೆ ಕೊಲ್ಲುವುದು.

2015ರಲ್ಲಿ ಗೂಗಲ್ ಡೋಜ್ ತಂದಿತು. ಫೋನ್ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳನ್ನೆಲ್ಲ ಮಲಗಿಸಿ, ನಡುವೆ ಸ್ವಲ್ಪ ಹೊತ್ತು ಎಬ್ಬಿಸುವುದು. 2017ರಲ್ಲಿ ಇನ್ನಷ್ಟು ಕಟ್ಟುಪಾಡು ಬಂದವು. ಅಷ್ಟರಲ್ಲಿ ಆ್ಯಪಲ್ 2010ರಿಂದ ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಬಂದಿತ್ತು. ಇಬ್ಬರೂ ನಡುವೆ ಎಲ್ಲೋ ಭೇಟಿಯಾದರು ಅನ್ನಬಹುದಿತ್ತು, ಆದರೆ ಆಂಡ್ರಾಯ್ಡ್‌ನಲ್ಲಿ ಮೂರನೆಯವರು ಒಬ್ಬರಿದ್ದಾರೆ, ಫೋನ್ ತಯಾರಿಸುವವರು. ಬ್ಯಾಟರಿ ಬಾಳಿಕೆ ಜಾಸ್ತಿ ಅಂತ ತೋರಿಸಿಕೊಳ್ಳಬೇಕಲ್ಲ, ಹಾಗಾಗಿ ಕೆಲವರು ಗೂಗಲ್‌ನ ನಿಯಮದ ಮೇಲೆ ತಮ್ಮದೇ ನಿಯಮ ಹೇರಿ ಆ್ಯಪ್‌ಗಳನ್ನು ಕಂಡಕಂಡಲ್ಲಿ ಮುಚ್ಚಿಸುತ್ತಾರೆ. ಮೆಸೇಜ್ ತಡವಾಗಿ ಬರುವುದು, ನಡೆದ ಹೆಜ್ಜೆಗಳ ಲೆಕ್ಕ ಅರ್ಧಕ್ಕೆ ನಿಲ್ಲುವುದು ಬಹಳಷ್ಟು ಸಲ ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಹುಡುಕಿ, ಬ್ಯಾಟರಿ ಅಂತ ಇರುವ ಕಡೆ ನಿರ್ಬಂಧ ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದೊಂದು ಕಂಪನಿಯ ಫೋನಿನಲ್ಲಿ ಅದು ಒಂದೊಂದು ಕಡೆ ಅಡಗಿರುತ್ತದೆ, ಅದೇ ತೊಂದರೆ. ಐಫೋನಿಗೂ ಕಪ್ಪು ಚುಕ್ಕೆ ಇದೆ. ಬ್ಯಾಟರಿ ಹಳತಾದ ಫೋನುಗಳು ದಿಢೀರ್ ಆಫ್ ಆಗದಿರಲಿ ಅಂತ ಅವುಗಳ ವೇಗ ತಗ್ಗಿಸುತ್ತಿದ್ದೇವೆ ಅಂತ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು, ಅದೂ ಜನ ಪತ್ತೆ ಹಚ್ಚಿದ ಮೇಲೆ. ಕಾರಣ ಸರಿಯೇ ಇರಬಹುದು. ಹೇಳದೆ ಮಾಡಿದ್ದು ಸರಿಯಲ್ಲ.

ಆ ಮೂರನೆಯವರ ಭಾರ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಅಪ್‌ಡೇಟ್ ವಿಷಯದಲ್ಲಿ. ಐಫೋನಿಗೆ ಹೊಸ ಐಒಎಸ್ ಬಂದರೆ ಅದು ನಡೆಯುವ ಎಲ್ಲ ಮಾದರಿಗಳಿಗೂ ಅವತ್ತೇ ಸಿಗುತ್ತದೆ. ಆಂಡ್ರಾಯ್ಡ್ ಗೂಗಲ್‌ನಿಂದ ಹೊರಟು, ಚಿಪ್ ಕಂಪನಿಯವರ ಹತ್ತಿರ ಹೋಗಿ, ಅಲ್ಲಿಂದ ಫೋನ್ ಕಂಪನಿಗೆ ಬಂದು, ಅವರು ಅದಕ್ಕೆ ತಮ್ಮ ಬಣ್ಣ ಬಳಿದು, ಕೆಲವು ದೇಶಗಳಲ್ಲಿ ನೆಟ್‌ವರ್ಕ್ ಕಂಪನಿಯವರೂ ಪರೀಕ್ಷೆ ಮಾಡಿ, ಆಮೇಲೆ ನಿಮ್ಮ ಕೈಗೆ. ಈ ನಡುವಿನವರಲ್ಲಿ ಯಾರೊಬ್ಬರು ಕೈ ಎತ್ತಿದರೂ ಮುಗಿಯಿತು.

ಒಂದು ಜೋಡಿ ಫೋನ್ ನೋಡಿದರೆ ಸಾಕು. ಐಫೋನ್ 4ಎಸ್ ಬಂದದ್ದು 2011ರ ಅಕ್ಟೋಬರಿನಲ್ಲಿ. ಗ್ಯಾಲಕ್ಸಿ ನೆಕ್ಸಸ್ ಬಂದದ್ದು ಅದರ ಮುಂದಿನ ತಿಂಗಳು, ಅದೂ ಗೂಗಲ್ ತಾನೇ ನಿಂತು ಮಾಡಿಸಿದ ಫೋನು. ಅದಕ್ಕೆ ಚಿಪ್ ಕೊಟ್ಟಿದ್ದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಫೋನ್ ಚಿಪ್‌ಗಳ ವ್ಯಾಪಾರವನ್ನೇ ಬಿಟ್ಟಿತು. 2013ರಲ್ಲಿ ಆಂಡ್ರಾಯ್ಡ್ 4.4 ಬಂದಾಗ, ಹದಿನೆಂಟು ತಿಂಗಳ ಅವಧಿ ಮುಗಿದಿದೆ, ಇದಕ್ಕೆ ಅಪ್‌ಡೇಟ್ ಇಲ್ಲ ಅಂತ ಗೂಗಲ್ ಹೇಳಿಬಿಟ್ಟಿತು. ಐಫೋನ್ 4ಎಸ್‌ಗೆ 2015ರ ಐಒಎಸ್ 9 ಕೂಡ ಸಿಕ್ಕಿತು. ಅಷ್ಟರಲ್ಲಿ ಆ ಫೋನ್ ತೆವಳುತ್ತಿತ್ತು ಅನ್ನುವುದು ಬೇರೆ ಮಾತು. 2013ರ ಐಫೋನ್ 5ಎಸ್‌ಗಂತೂ 2023ರ ಜನವರಿಯಲ್ಲೂ ಒಂದು ಭದ್ರತಾ ಅಪ್‌ಡೇಟ್ ಬಂದಿತ್ತು.

ಗೂಗಲ್ ಇದನ್ನು ಸರಿಪಡಿಸಲು ಬಹಳ ವರ್ಷ ಒದ್ದಾಡಿತು. 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ಭದ್ರತಾ ದೋಷ ಬಯಲಾಯಿತು. ಒಂದು ವಿಡಿಯೊ ಮೆಸೇಜ್ ಬಂದರೂ ಫೋನ್ ಬೇರೆಯವರ ವಶವಾಗಬಹುದಿತ್ತು. ಅದಾದ ಮೇಲೆ ತಿಂಗಳಿಗೊಮ್ಮೆ ಭದ್ರತಾ ಅಪ್‌ಡೇಟ್ ಶುರುವಾಯಿತು. 2017ರಲ್ಲಿ ಟ್ರೆಬಲ್ ಅಂತ, ಚಿಪ್‌ಗೆ ಸೇರಿದ ಭಾಗವನ್ನೂ ಉಳಿದ ಆಂಡ್ರಾಯ್ಡ್ ಅನ್ನೂ ಬೇರೆ ಬೇರೆ ಮಾಡಿದರು. ಕೊನೆಗೆ ಗೂಗಲ್‌ನದ್ದೇ ಫೋನಾದ 2023ರ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ 2024ರ ಗ್ಯಾಲಕ್ಸಿ ಎಸ್24 ಎರಡಕ್ಕೂ ಏಳು ವರ್ಷದ ಅಪ್‌ಡೇಟ್ ಭರವಸೆ ಸಿಕ್ಕಿತು. ಅಗ್ಗದ ಆಂಡ್ರಾಯ್ಡ್‌ಗಳಿಗೆ ಎಲ್ಲ ಕಡೆ ಈ ಭಾಗ್ಯ ಇಲ್ಲ, ಕೊಳ್ಳುವಾಗ ಎಷ್ಟು ವರ್ಷ ಅಂತ ನೋಡಿಯೇ ಕೊಳ್ಳಬೇಕು.

ಉಳಿದ ವಿಷಯಗಳಲ್ಲಿ ಒಬ್ಬರದ್ದು ಇನ್ನೊಬ್ಬರು ಎತ್ತಿಕೊಂಡದ್ದೇ ಜಾಸ್ತಿ. ಮೇಲಿನಿಂದ ಎಳೆಯುವ ನೋಟಿಫಿಕೇಶನ್ ಪರದೆ ಆಂಡ್ರಾಯ್ಡ್‌ನಲ್ಲಿ 2008ರಿಂದ ಇತ್ತು, ಐಫೋನಿಗೆ ಬಂದದ್ದು 2011ರಲ್ಲಿ. ಬೇರೆ ಕೀಬೋರ್ಡ್ ಹಾಕಿಕೊಳ್ಳುವ ಅನುಕೂಲ ಆಂಡ್ರಾಯ್ಡ್‌ಗೆ 2009ರಲ್ಲಿ ಸಿಕ್ಕಿತು, ಐಫೋನಿಗೆ 2014ರಲ್ಲಿ. ಹೋಮ್ ಸ್ಕ್ರೀನಿನಲ್ಲಿ ಐಕಾನ್‌ಗಳನ್ನು ಬೇಕಾದ ಕಡೆ ಇಡುವುದಕ್ಕೆ ಐಫೋನಿನವರು 2024ರವರೆಗೆ ಕಾಯಬೇಕಾಯಿತು! ಆ ಕಡೆಯಿಂದ ಈ ಕಡೆಗೂ ಸಾಗಣೆ ನಡೆದಿದೆ. 2015ಕ್ಕೆ ಮೊದಲು ಆಂಡ್ರಾಯ್ಡ್ ಆ್ಯಪ್ ಹಾಕುವಾಗ ಅದು ಕೇಳಿದ ಅನುಮತಿಗಳನ್ನೆಲ್ಲ ಒಟ್ಟಿಗೆ ಕೊಡಬೇಕಿತ್ತು, ಇಲ್ಲದಿದ್ದರೆ ಆ್ಯಪೇ ಇಲ್ಲ. ಬೇಕಾದಾಗ ಕೇಳುವ, ನಾವು ಬೇಡ ಅನ್ನಬಹುದಾದ ಪದ್ಧತಿ ಐಫೋನಿನಲ್ಲಿ ಮೊದಲೇ ಇತ್ತು. ಇನ್ನು 2020ರಲ್ಲಿ ಆ್ಯಪಲ್ ಡಬ್ಬಿಯಿಂದ ಚಾರ್ಜರ್ ತೆಗೆದಾಗ ಗೇಲಿ ಮಾಡಿದ್ದ ಸ್ಯಾಮ್‌ಸಂಗ್, ಕೆಲವೇ ತಿಂಗಳಲ್ಲಿ ತಾನೂ ತೆಗೆಯಿತು.

ಇಷ್ಟೆಲ್ಲ ಹತ್ತಿರ ಬಂದ ಮೇಲೂ ಒಂದರಿಂದ ಇನ್ನೊಂದಕ್ಕೆ ಹೋಗುವುದು ಮಾತ್ರ ಸಲೀಸಲ್ಲ. ಫೋನ್ ನಂಬರ್, ಫೋಟೊ ಎಲ್ಲ ಈಗ ಸುಲಭವಾಗಿ ಹೋಗುತ್ತವೆ. ಆ್ಯಪಲ್ 2015ರಲ್ಲೇ ಇದಕ್ಕಾಗಿ ಆಂಡ್ರಾಯ್ಡ್‌ಗೆ ಒಂದು ಆ್ಯಪ್ ಕೊಟ್ಟಿತು. ವಾಟ್ಸ್ಆ್ಯಪ್ ಮಾತುಕತೆ ದಾಟಿಸುವ ಅಧಿಕೃತ ದಾರಿ ಬಂದದ್ದು ಮಾತ್ರ 2021–22ರಲ್ಲಿ. ಅದನ್ನು ಹೊಸ ಫೋನ್ ಮೊದಲ ಸಲ ಸೆಟಪ್ ಮಾಡುವಾಗಲೇ ಮಾಡಿಕೊಂಡರೆ ಒಳ್ಳೆಯದು, ತಪ್ಪಿದರೆ ಫೋನ್ ರೀಸೆಟ್ ಮಾಡಿ ಮೊದಲಿನಿಂದ ಶುರುಮಾಡಬೇಕಾಗಬಹುದು. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಬರುವುದಿಲ್ಲ, ಮತ್ತೆ ಕೊಳ್ಳಬೇಕು. ಆ್ಯಪಲ್ ವಾಚ್ ಆಂಡ್ರಾಯ್ಡ್ ಜೊತೆ ಕೆಲಸ ಮಾಡುವುದಿಲ್ಲ, ಸ್ಯಾಮ್‌ಸಂಗ್‌ನ 2021ರಿಂದ ಈಚಿನ ಗ್ಯಾಲಕ್ಸಿ ವಾಚ್‌ಗಳು ಐಫೋನ್ ಜೊತೆ ಕೆಲಸ ಮಾಡುವುದಿಲ್ಲ.

ಐಫೋನ್ ಬಿಡುವವರಿಗೆ ಇನ್ನೊಂದು ತೊಡಕಿದೆ, ಐಮೆಸೇಜ್. 2011ರಲ್ಲಿ ಬಂದ ಇದು ಎಸ್‌ಎಂಎಸ್ ಬದಲು ಆ್ಯಪಲ್‌ನ ಸರ್ವರ್ ಮೂಲಕ ಮೆಸೇಜ್ ಕಳಿಸುತ್ತದೆ. ನೀವು ಆಂಡ್ರಾಯ್ಡ್‌ಗೆ ಹೋದರೂ ನಿಮ್ಮ ನಂಬರ್ ಅಲ್ಲೇ ದಾಖಲಾಗಿ ಉಳಿದಿದ್ದರೆ, ಐಫೋನ್ ಇರುವ ಗೆಳೆಯರು ಕಳಿಸಿದ್ದು ನಿಮಗೆ ತಲುಪದೆ ಹೋಗಬಹುದು. ಅವರಿಗೆ ಮೆಸೇಜ್ ಹೋದ ಹಾಗೆಯೇ ಕಾಣುತ್ತದೆ. ಹೀಗೆ ಮೆಸೇಜ್ ಕಳೆದುಕೊಂಡವರ ದೂರು ಜಾಸ್ತಿಯಾಗಿ, 2014ರ ನವೆಂಬರಿನಲ್ಲಿ ಆ್ಯಪಲ್ ನಂಬರ್ ತೆಗೆಸಿಕೊಳ್ಳುವುದಕ್ಕೆ ಒಂದು ವೆಬ್ ಪುಟ ತೆರೆಯಿತು. ಅದಕ್ಕಿಂತ ಸುಲಭ, ಹಳೇ ಐಫೋನಿನಿಂದ ಸಿಮ್ ತೆಗೆಯುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಐಮೆಸೇಜ್ ಆಫ್ ಮಾಡಿಬಿಡುವುದು.