ಕಾಗದದ ಪಟ್ಟಿಯಿಂದ 127 ಹಲ್ಲಿನ ಗೇರ್‌ವರೆಗೆ

ಹಳೆಯ ಪುಟ್ಟ ಲೇತ್ ಒಂದನ್ನು ಕೊಂಡು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದವರು ಆರೇ ತಿಂಗಳಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಲೀಡ್ ಸ್ಕ್ರೂ ಇಂಚಿನದು. ಎಂಎಂ ತ್ರೆಡ್ ಹೊಡೆಯೋಕೆ ಆಗ್ತಿಲ್ಲ. 127 ಹಲ್ಲಿನ ಗೇರ್ ಎಲ್ಲಿ ಸಿಗುತ್ತೆ?"

ಲೀಡ್ ಸ್ಕ್ರೂ ಎಂದರೆ ತ್ರೆಡ್ ಕೊಯ್ಯುವಾಗ ಟೂಲನ್ನು ಸರಿಸುವ, ಲೇತಿನ ಉದ್ದನೆಯ ಸ್ಕ್ರೂ. ಗೇರ್ ಹುಡುಕಿದರೆ ಸಿಗಬಹುದು. ಆದರೆ ನಾನು ಅವರಿಗೆ ಹೇಳುವುದು, ನೀವೇ ಕೊಯ್ಯಿರಿ ಎಂದು. ಅದಕ್ಕೆ ಬೇಕಾದ ಡಿವೈಡಿಂಗ್ ಹೆಡ್ಡನ್ನೂ, ಅಂದರೆ ಒಂದು ಸುತ್ತನ್ನು ಸಮಭಾಗ ಮಾಡಿಕೊಡುವ ಸಾಧನವನ್ನೂ, ನೀವೇ ಮಾಡಿಕೊಳ್ಳಿ.

127 ಏಕೆ ಎಂಬುದು ಮೊದಲು ತಿಳಿದಿರಲಿ. ಒಂದು ಇಂಚಿಗೆ ಸರಿಯಾಗಿ 25.4 ಮಿ.ಮೀ. ದಶಾಂಶ ಹೋಗಬೇಕಾದರೆ ಐದರಿಂದ ಗುಣಿಸಬೇಕು, ಆಗ ಬರುವುದು 127. ಇಂಚಿಗೆ 8 ತ್ರೆಡ್ ಇರುವ ಲೀಡ್ ಸ್ಕ್ರೂನ ಪಿಚ್, ಅಂದರೆ ಒಂದು ತ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ, 3.175 ಮಿ.ಮೀ. ಅದರಿಂದ 1 ಮಿ.ಮೀ. ಪಿಚ್ ತೆಗೆಯಬೇಕಾದರೆ ಗೇರ್‌ಗಳ ಅನುಪಾತ 40/127 ಆಗಬೇಕು, 1.5 ಮಿ.ಮೀ.ಗೆ 60/127. 127 ಅವಿಭಾಜ್ಯ ಸಂಖ್ಯೆ, ಬೇರೆ ಎರಡು ಗೇರ್ ಸೇರಿಸಿ ಅದನ್ನು ಕಟ್ಟಲು ಬರುವುದಿಲ್ಲ. 63 ಹಲ್ಲಿನ ಗೇರ್ ಹಾಕಿ 100/127ರ ಬದಲು 63/80ರ ಲೆಕ್ಕದಲ್ಲಿ ಹತ್ತಿರ ಹತ್ತಿರ ಹೋಗಬಹುದು. ಒಂದು ಮೀಟರಿಗೆ 0.125 ಮಿ.ಮೀ. ತಪ್ಪುತ್ತದೆ ಅಷ್ಟೆ. ಬರೀ ಬೋಲ್ಟ್ ಮಾಡುವವರಿಗೆ ಇದು ಧಾರಾಳವಾಗಿ ಸಾಕು. ಉದ್ದದ ಸ್ಕ್ರೂ ಮಾಡುವ ಆಸೆ ಇದ್ದವರು ಮುಂದೆ ಓದಿ.

ಡಿವೈಡಿಂಗ್ ಹೆಡ್ ಬಗ್ಗೆ ಐಟಿಐಯಲ್ಲಿ ಕಲಿತವರಿಗೆಲ್ಲ ನೆನಪಿರುವ ಸೂತ್ರ 40/N. ಒಳಗೆ ವರ್ಮ್ ಎಂಬ ಸ್ಕ್ರೂ 40 ಹಲ್ಲಿನ ವರ್ಮ್ ವೀಲನ್ನು ತಿರುಗಿಸುತ್ತದೆ, ಹಾಗಾಗಿ ಹ್ಯಾಂಡಲ್ 40 ಸುತ್ತು ತಿರುಗಿದರೆ ಸ್ಪಿಂಡಲ್, ಅಂದರೆ ಕೆಲಸ ಹಿಡಿಯುವ ಶಾಫ್ಟ್, ಒಂದು ಸುತ್ತು. N ಭಾಗ ಬೇಕಾದರೆ ಪ್ರತಿ ಸಲ 40/N ಸುತ್ತು. ಸುತ್ತಿನ ಭಾಗವನ್ನು ಅಳೆಯುವುದು ತೂತಿನ ಪ್ಲೇಟಿನಲ್ಲಿ. ಬ್ರೌನ್ ಅಂಡ್ ಶಾರ್ಪ್ ಮಾದರಿಯ ಮೂರು ಪ್ಲೇಟುಗಳಲ್ಲಿ 15ರಿಂದ 49ರವರೆಗಿನ ತೂತಿನ ಸುತ್ತುಗಳು ಮಾತ್ರ ಇರುತ್ತವೆ, ಅವುಗಳಲ್ಲಿ 40/127 ಕೂರುವುದಿಲ್ಲ. ದೊಡ್ಡ ಯೂನಿವರ್ಸಲ್ ಹೆಡ್ ಇದ್ದರೆ ಡಿಫರೆನ್ಷಿಯಲ್ ಇಂಡೆಕ್ಸಿಂಗ್ ಮಾಡಿ, ಅಂದರೆ ಹತ್ತಿರದ 120 ಭಾಗಕ್ಕೆ ಸೆಟ್ ಮಾಡಿ ವ್ಯತ್ಯಾಸ ಸರಿದೂಗಿಸಲು 24 ಮತ್ತು 56 ಹಲ್ಲಿನ ಗೇರ್ ಸೇರಿಸಿ ದಾಟಿಬಿಡಬಹುದು. ಮನೆಯಲ್ಲಿ ಮಾಡುವ ಸರಳ ಹೆಡ್ಡಿಗೆ ಆ ಸೌಲಭ್ಯ ಇರುವುದಿಲ್ಲ. ಹಾಗಾಗಿ 127 ತೂತಿನ ಪ್ಲೇಟನ್ನೇ ಮಾಡಬೇಕು. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೈಚೆಲ್ಲುತ್ತಾರೆ. 127 ಭಾಗ ಮಾಡಲು ಪ್ಲೇಟ್ ಬೇಕು, ಆ ಪ್ಲೇಟ್ ಮಾಡಲು 127 ಭಾಗ ಮಾಡಲು ಬರಬೇಕು!

ಈ ಗಂಟು ಬಿಚ್ಚುವುದು ಒಂದು ಕಾಗದದ ಪಟ್ಟಿ.

ಡ್ರಾಯಿಂಗಿಗೆ ಬಳಸುವ ಪಾಲಿಯೆಸ್ಟರ್ ಫಿಲ್ಮ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಮಳೆಗಾಲದಲ್ಲಿ ಕಾಗದ ಉಬ್ಬುತ್ತದೆ. ಒಳ್ಳೆಯ ಸ್ಟೀಲ್ ಸ್ಕೇಲ್ ಇಟ್ಟು, ಮೊನಚಾದ ಪೆನ್ಸಿಲ್ಲಿನಲ್ಲಿ 3 ಮಿ.ಮೀ.ಗೊಂದರಂತೆ 128 ಗೆರೆ ಎಳೆಯಿರಿ. ಮೊದಲ ಗೆರೆಯಿಂದ ಕೊನೆಯ ಗೆರೆಗೆ 381 ಮಿ.ಮೀ. 10 ಮಿ.ಮೀ. ದಪ್ಪದ ಒಂದು ಡಿಸ್ಕನ್ನು ಲೇತಿನಲ್ಲಿ 121.3 ಮಿ.ಮೀ. ವ್ಯಾಸದ ಹತ್ತಿರಕ್ಕೆ ತನ್ನಿ. ಪಟ್ಟಿಯನ್ನು ಅಂಚಿಗೆ ಬಿಗಿಯಾಗಿ ಸುತ್ತಿ ನೋಡಿ, ಮತ್ತೆ ಕೂದಲೆಳೆಯಷ್ಟು ತೆಗೆಯಿರಿ, ಮತ್ತೆ ಸುತ್ತಿ ನೋಡಿ. 128ನೆಯ ಗೆರೆ ಮೊದಲನೆಯ ಗೆರೆಯ ಮೇಲೆ ಬಂದು ಕೂರುವವರೆಗೆ ಇದೇ ಕೆಲಸ. ಇಲ್ಲಿ ಆತುರ ಬೇಡ. ಕೂತ ಮೇಲೆ ಪಟ್ಟಿಯನ್ನು ಅಂಟಿಸಿ, ಭೂತಗನ್ನಡಿ ಹಿಡಿದು ಪ್ರತಿ ಗೆರೆಯ ಮೇಲೆ ಸೆಂಟರ್ ಪಂಚ್ ಹೊಡೆದು, ಅಂಚಿನಿಂದ ಒಳಮುಖವಾಗಿ 1.8 ಮಿ.ಮೀ. ತೂತು ಕೊರೆಯಿರಿ. ಈ ಡಿಸ್ಕನ್ನು ವರ್ಮ್ ಶಾಫ್ಟಿಗೆ ಕೂರಿಸಿ, ಮೊನೆ ಶಂಕುವಿನಂತಿರುವ ಸ್ಪ್ರಿಂಗ್ ಪಿನ್ ಒಂದನ್ನು ಹೆಡ್ಡಿನ ಬಾಡಿಗೆ ಜೋಡಿಸಿ. ಮೊದಲ ಪ್ಲೇಟ್ ತಯಾರು.

"ಇಷ್ಟು ಒರಟಾದದ್ದರಿಂದ ಗೇರ್ ಬರುತ್ತದೆಯೇ?" ಎಂದು ಎಲ್ಲರೂ ಅನುಮಾನಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ನಿಮ್ಮ ಪಂಚ್ 0.2 ಮಿ.ಮೀ. ಆಚೀಚೆ ಹೋಯಿತು ಎನ್ನಿ, ಅದು ಕಣ್ಣಿಗೆ ಕಾಣುವಷ್ಟು ತಪ್ಪು. ಪ್ಲೇಟಿನ ತಪ್ಪು ವರ್ಮ್ ಮೂಲಕ ಸ್ಪಿಂಡಲ್ಲಿಗೆ ಬರುವಾಗ 40ರಲ್ಲಿ ಒಂದು ಪಾಲಾಗುತ್ತದೆ. 1 ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) 127 ಹಲ್ಲಿನ ಗೇರಿನ ಪಿಚ್ ವ್ಯಾಸವೂ (ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದ್ದು) 127 ಮಿ.ಮೀ., ಅಂದರೆ ಹೆಚ್ಚುಕಡಿಮೆ ಡಿಸ್ಕಿನಷ್ಟೇ. ಅಲ್ಲಿ ಉಳಿಯುವ ತಪ್ಪು ಸುಮಾರು 0.005 ಮಿ.ಮೀ. ಮೇಲಾಗಿ ಒಂದು ತೂತಿನ ತಪ್ಪು ಮುಂದಿನ ತೂತಿಗೆ ಸೇರಿಕೊಳ್ಳುತ್ತಾ ಹೋಗುವುದಿಲ್ಲ.

ಈ ಪ್ಲೇಟಿನಿಂದಲೇ, ಅದೇ ಹೆಡ್ಡಿನ ಸ್ಪಿಂಡಲ್ ಮೇಲೆ ಎರಡನೆಯ ಪ್ಲೇಟ್ ಕೊರೆದುಕೊಂಡರೆ ಮುಖದ ಮೇಲೆ ತೂತಿರುವ ಅಚ್ಚುಕಟ್ಟಾದ ಪ್ಲೇಟ್ ಶಾಶ್ವತವಾಗಿ ನಿಮ್ಮದಾಗುತ್ತದೆ. ಮೂರನೆಯದನ್ನು ಮಾಡಿ ಇನ್ನೂ ನಿಖರತೆ ತೆಗೆಯುತ್ತೇನೆಂದು ಹೊರಡಬೇಡಿ. ಅಷ್ಟರಲ್ಲಿ ತಪ್ಪು ಬೇರೆ ಕಡೆಯಿಂದ ಬರುತ್ತಿರುತ್ತದೆ.

ಅದು ಬರುವುದು ವರ್ಮ್ ವೀಲಿನಿಂದ. ಜನ ಪ್ಲೇಟಿಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು ವೀಲನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಇದೇ. ಪ್ಲೇಟಿನ ತಪ್ಪು 40ರಿಂದ ಭಾಗವಾಗುತ್ತದೆ, ವೀಲಿನ ತಪ್ಪು ಯಾವುದರಿಂದಲೂ ಭಾಗವಾಗುವುದಿಲ್ಲ, ಇದ್ದದ್ದು ಇದ್ದ ಹಾಗೆ ಕೆಲಸಕ್ಕೆ ಇಳಿಯುತ್ತದೆ. ಹಳೆಯ ರಿಡಕ್ಷನ್ ಗೇರ್‌ಬಾಕ್ಸಿನಿಂದ 2 ಮಾಡ್ಯೂಲಿನ 40 ಹಲ್ಲಿನ ವೀಲ್ ತಂದಿರಿ ಎನ್ನಿ, ಪಿಚ್ ವ್ಯಾಸ 80 ಮಿ.ಮೀ. ಅದರ ಬೋರ್ ಕೇಂದ್ರದಿಂದ ಬರೀ 0.05 ಮಿ.ಮೀ. ಸರಿದಿದ್ದರೆ ನಿಮ್ಮ ಗೇರಿನ ಹಲ್ಲುಗಳು ಒಂದು ಪಕ್ಕದಲ್ಲಿ 0.08 ಮಿ.ಮೀ. ಮುಂದಕ್ಕೂ ಎದುರು ಪಕ್ಕದಲ್ಲಿ ಅಷ್ಟೇ ಹಿಂದಕ್ಕೂ ಹೋಗುತ್ತವೆ. ಪಂಚಿನ ತಪ್ಪಿನ ಹದಿನಾರು ಪಟ್ಟು! ಆದ್ದರಿಂದ ವೀಲನ್ನು ಚಕ್ಕಿಗೆ ಹಿಡಿಯುವಾಗ ಹೊರಗಿನ ವ್ಯಾಸವನ್ನು ನಂಬಬೇಡಿ. ಹಲ್ಲಿನ ಸಂದಿಯಲ್ಲಿ ಒಂದು ರೋಲರ್ ಪಿನ್ ಇಟ್ಟು, ನಾಲ್ಕು ಕಡೆ ಡಯಲ್ ಗೇಜ್ ಹಿಡಿದು, ಮುಳ್ಳು ಒಂದೇ ಅಂಕಿಗೆ ಬರುವವರೆಗೆ ಸರಿಮಾಡಿ ಆಮೇಲೆ ಬೋರ್ ಮಾಡಿ. ಕೊಳ್ಳುವಾಗ ಇನ್ನೊಂದು ನೋಡಿ: ವರ್ಮ್ ಒಂದು ಪೂರ್ತಿ ಸುತ್ತು ತಿರುಗಿದರೆ ವೀಲ್ ಒಂದೇ ಹಲ್ಲು ಸರಿಯಬೇಕು. ಎರಡು ಹಲ್ಲು ಸರಿದರೆ ಅದು ಎರಡು ಸ್ಟಾರ್ಟಿನ ವರ್ಮ್, ಅನುಪಾತ 40 ಅಲ್ಲ, 20.

ವೀಲ್ ಹೇಗಿದೆ ಎಂದು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಸ್ಪಿಂಡಲ್ಲಿಗೆ ಒಂದು ಕಂಬಿ ಹಿಡಿದು ಎಂಡ್ ಮಿಲ್‌ನಲ್ಲಿ 50 ಮಿ.ಮೀ. ಅಗಲದ ಚಪ್ಪಟೆ ಮುಖ ತೆಗೆಯಿರಿ. 20 ಸುತ್ತು ತಿರುಗಿಸಿ ಎದುರು ಮುಖ ತೆಗೆಯಿರಿ. ಅಗಲದ ಎರಡು ತುದಿಯಲ್ಲೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. 0.02 ಮಿ.ಮೀ. ವ್ಯತ್ಯಾಸ ಬಂದರೆ ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಕೋನದ ತಪ್ಪು ಇದೆ ಎಂದರ್ಥ. ವೀಲಿನ ಬೇರೆ ಬೇರೆ ಜಾಗದಿಂದ ಶುರುಮಾಡಿ ಮೂರ್ನಾಲ್ಕು ಸಲ ನೋಡಿದರೆ ಅದರ ಗುಣ ಪೂರ್ತಿ ತಿಳಿಯುತ್ತದೆ.

ಬಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಪ್ಪ ಪ್ಲೇಟುಗಳನ್ನು ಬೋಲ್ಟ್ ಹಾಕಿ ಕಟ್ಟಿದರೂ ನಡೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಹೆಡ್ಡಿನ ಸ್ಪಿಂಡಲ್ ಮೂತಿಯ ತ್ರೆಡ್ಡೂ ಕಾಲರ್ರೂ ನಿಮ್ಮ ಲೇತಿನದ್ದರಂತೆಯೇ ಇರಲಿ. ಆಗ ಲೇತಿನಲ್ಲಿ ತಿರುಗಿಸಿದ ಬ್ಲ್ಯಾಂಕನ್ನು (ಹಲ್ಲು ಕೊಯ್ಯುವ ಮುಂಚಿನ ಬಿಲ್ಲೆಯನ್ನು) ಬಿಚ್ಚದೆ, ಚಕ್ ಸಮೇತ ಹೆಡ್ಡಿಗೆ ಏರಿಸಬಹುದು. ವರ್ಮನ್ನು ಎಕ್ಸೆಂಟ್ರಿಕ್ ಬುಷ್‌ನಲ್ಲಿ (ತೂತು ಕೇಂದ್ರದಿಂದ ಸರಿದಿರುವ ಬುಷ್) ಕೂರಿಸಿದರೆ ಆಟ, ಅಂದರೆ ಹಲ್ಲುಗಳ ನಡುವಿನ ಸಡಿಲ, ಹೆಚ್ಚಾದಾಗ ಬುಷ್ ತಿರುಗಿಸಿ ಬಿಗಿ ಮಾಡಿಕೊಳ್ಳಬಹುದು. ಎಷ್ಟು ಬಿಗಿ ಮಾಡಿದರೂ ಒಂದಿಷ್ಟು ಆಟ ಉಳಿದೇ ಉಳಿಯುತ್ತದೆ. ಹಾಗಾಗಿ ಸದಾ ಒಂದೇ ದಿಕ್ಕಿಗೆ ತಿರುಗಿಸಿ, ತೂತು ದಾಟಿ ಮುಂದೆ ಹೋದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದಕ್ಕೆ ಬನ್ನಿ. ಕಟರ್ ತಾಗುವ ಮುಂಚೆ ಸ್ಪಿಂಡಲ್ ಲಾಕ್ ಮಾಡಿ.

ಎಣಿಕೆಯ ವಿಷಯ ನನಗೆ ಪಾಠ ಕಲಿಸಿದ್ದು. ನನ್ನ ಮೊದಲ 127ರ ಗೇರಿನಲ್ಲಿ ಪಿನ್ ಇದ್ದ ತೂತನ್ನೇ ಒಂದು ಎಂದು ಎಣಿಸಿಬಿಟ್ಟಿದ್ದೆ. ಪ್ರತಿ ಸಲ 40ರ ಬದಲು 39 ತೂತು ಸರಿಯಿತು. ಇಡೀ ಮಧ್ಯಾಹ್ನ ಕೊಯ್ದು 127 ಹಲ್ಲು ಮುಗಿಸಿದಾಗ ಮೂರು ಹಲ್ಲಿಗಿಂತ ಹೆಚ್ಚಿನ ಬೋಳು ಜಾಗ ಹಾಗೇ ಉಳಿದಿತ್ತು. ಒಳ್ಳೆಯ ಎರಕದ ಕಬ್ಬಿಣದ ಬ್ಲ್ಯಾಂಕ್ ಹೋಯಿತು. ಅಂದಿನಿಂದ ನಾನು ಎಣಿಸುವುದಿಲ್ಲ. ಪ್ಲೇಟಿನ ತೂತುಗಳಿಗೆ 0ರಿಂದ 126ರವರೆಗೆ ಸಂಖ್ಯೆ ಕೊಟ್ಟು, ನಿಲ್ಲಬೇಕಾದ ಸಂಖ್ಯೆಗಳನ್ನು ಮೊದಲೇ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ: 0, 40, 80, 120, 33, 73, 113, 26, ಹೀಗೆ. 127 ದಾಟಿದಾಗ 127 ಕಳೆಯುವುದು ಅಷ್ಟೆ. ಒಂದು ಹಲ್ಲು ಕೊಯ್ದರೆ ಒಂದು ಸಂಖ್ಯೆಗೆ ಅಡ್ಡಗೀಟು. ಮಧ್ಯದಲ್ಲಿ ಯಾರಾದರೂ ಬಂದು ಮಾತಾಡಿಸಿದರೂ, ಕರೆಂಟ್ ಹೋದರೂ ಲೆಕ್ಕ ತಪ್ಪುವುದಿಲ್ಲ. ಪ್ರತಿ ತೂತೂ ಒಮ್ಮೆ ಮಾತ್ರ ಬರುತ್ತದೆ. 127ನೆಯ ಸಲ ಹ್ಯಾಂಡಲ್ ಸರಿಯಾಗಿ 40 ಸುತ್ತು ಮುಗಿಸಿ 0ಗೆ ಮರಳುತ್ತದೆ.

ಬ್ಲ್ಯಾಂಕಿನ ಹೊರವ್ಯಾಸ 129 ಮಿ.ಮೀ., ಆಳ 2.25 ಮಿ.ಮೀ., ಕಟರ್ 1 ಮಾಡ್ಯೂಲಿನ 2ನೇ ನಂಬರ್. ಅದು 55ರಿಂದ 134 ಹಲ್ಲಿನವರೆಗೆ ಸರಿಹೊಂದುತ್ತದೆ. ಮೊದಲು ಕಟರ್ ಸುಮ್ಮನೆ ತಾಗುವಷ್ಟು ಇಳಿಸಿ 127 ಗೆರೆಗಳನ್ನೂ ಗೀರಿಕೊಳ್ಳಿ. ಕೊನೆಯ ಅಂತರವೂ ಮಿಕ್ಕವುಗಳಂತೆಯೇ ಇದ್ದರೆ ಮಾತ್ರ ಪೂರ್ತಿ ಆಳಕ್ಕೆ ಹೋಗಿ. ಎಲ್ಲ ಹಲ್ಲು ಮುಗಿದು ಪಿನ್ 0ಗೆ ಬಂದು ಕೂತ ಮೇಲೆ, ಮೆಷಿನ್ ನಿಲ್ಲಿಸದೆ ಮೊದಲ ಸಂದಿಯಲ್ಲಿ ಕಟರನ್ನು ಇನ್ನೊಮ್ಮೆ ಹಾಯಿಸಿ ಕಿವಿಗೊಟ್ಟು ಕೇಳಿ. ಎರಡು ಕಡೆಯೂ ಚೂರು ಬೀಳದೆ, ಸದ್ದು ಬದಲಾಗದೆ ಕಟರ್ ಆಚೆ ಬಂದರೆ ಗೇರನ್ನು ಬಿಚ್ಚಿ ಲೇತಿಗೆ ಹಾಕಬಹುದು.